ಮನೆಯಲ್ಲೇ ಸಮುದ್ರದ ಹವಳದ ಅಕ್ವೇರಿಯಂ: ಗಾಜಿನ ಟ್ಯಾಂಕ್ ತರೋ ಮುಂಚೆ ಕರೆಂಟ್, ನೀರು, ಕಾನೂನಿನ ಲೆಕ್ಕ ಹಾಕಿ

ಮೊಬೈಲ್ ರೀಲ್ಸ್‌ನಲ್ಲಿ, ದೊಡ್ಡ ಊರಿನ ಹೋಟೆಲ್‌ಗಳಲ್ಲಿ ನೀಲಿ ಬೆಳಕಿನ ಕೆಳಗೆ ಹೊಳೆಯುವ ಹವಳ, ಅದರ ನಡುವೆ ಓಡಾಡುವ ಕೇಸರಿ-ಬಿಳಿ ಪಟ್ಟೆಯ 'ನೀಮೋ' ಮೀನು ನೋಡಿದವರಿಗೆ ಒಂದೇ ಆಸೆ: ನಮ್ಮ ಹಾಲ್‌ನಲ್ಲೂ ಇಂಥದ್ದೊಂದು ಇರಬೇಕು. ಬೇಕರಿ, ಬಟ್ಟೆ ಅಂಗಡಿ, ಕ್ಲಿನಿಕ್ ಇಟ್ಟುಕೊಂಡವರಿಗೂ ಇದು ಗಿರಾಕಿಗಳನ್ನು ಸೆಳೆಯೋ ಒಳ್ಳೆ ಉಪಾಯ ಅನ್ನಿಸುತ್ತೆ.

ಆಸೆ ತಪ್ಪಲ್ಲ. ಆದರೆ ಗೋಲ್ಡ್‌ಫಿಶ್ ಸಾಕಿದ ಅನುಭವ ಇಲ್ಲಿ ಪೂರ್ತಿ ಕೆಲಸಕ್ಕೆ ಬರಲ್ಲ. ಸಿಹಿನೀರಿನ ಟ್ಯಾಂಕ್‌ನಲ್ಲಿ ಎರಡು ತಾಸು ಮೋಟರ್ ನಿಂತರೆ ಮೀನು ಹೇಗೋ ತಡ್ಕೊಳ್ಳುತ್ತೆ. ಹವಳದ ಟ್ಯಾಂಕ್ ಹಾಗಲ್ಲ. ಅದು ದಿನದ 24 ಗಂಟೆಯೂ ಓಡಬೇಕಾದ ಯಂತ್ರ. ತಾಲೂಕು ಕೇಂದ್ರದಂಥ ಊರಲ್ಲಿ ಅದನ್ನು ಉಳಿಸೋದು, ಮುಗಿಸೋದು ಎರಡೂ ಕರೆಂಟ್ ಮತ್ತು ನೀರು. ಲಕ್ಷಗಟ್ಟಲೆ ದುಡ್ಡು ಹಾಕೋ ಮುಂಚೆ ತಿಳಿದಿರಬೇಕಾದ ವಿಷಯ ಇಲ್ಲಿದೆ.

ಮೊದಲು ಭಾರದ ಲೆಕ್ಕ

4 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರದ ಟ್ಯಾಂಕ್ ತಗೊಳ್ಳಿ. ಅದರಲ್ಲಿ ಸುಮಾರು 450 ಲೀಟರ್ ನೀರು ಹಿಡಿಯುತ್ತೆ. ಉಪ್ಪುನೀರು ಸಿಹಿನೀರಿಗಿಂತ ಸ್ವಲ್ಪ ಭಾರ, ಹಾಗಾಗಿ ನೀರೇ 460 ಕೆಜಿ. 12 ಎಂಎಂ ಗಾಜು ಸುಮಾರು 90 ಕೆಜಿ. ಮೇಲಿಂದ ಕಲ್ಲು, ಮರಳು, ಸ್ಟ್ಯಾಂಡ್, ಕೆಳಗಿನ ಫಿಲ್ಟರ್ ಟ್ಯಾಂಕಿನ ನೀರು. ಎಲ್ಲ ಕೂಡಿಸಿದರೆ ಮುಕ್ಕಾಲು ಟನ್ ದಾಟುತ್ತೆ. ಅಂದ್ರೆ 4 ಅಡಿಗೆ 2 ಅಡಿ ಜಾಗದಲ್ಲಿ 15 ಸಿಮೆಂಟ್ ಚೀಲ ಪೇರಿಸಿಟ್ಟ ಹಾಗೆ, ಅದೂ ವರ್ಷಗಟ್ಟಲೆ.

ಮನೆಯ ಸ್ಲ್ಯಾಬ್ ಡಿಸೈನ್ ಮಾಡುವಾಗ ಇಂಜಿನಿಯರ್‌ಗಳು ಸಾಮಾನ್ಯವಾಗಿ ಚದರ ಮೀಟರ್‌ಗೆ 200 ಕೆಜಿ ಹಿಡಿಯುತ್ತಾರೆ. ಈ ಟ್ಯಾಂಕ್ ನಿಂತ ಜಾಗದಲ್ಲಿ ಅದರ ನಾಲ್ಕೈದು ಪಟ್ಟು ಭಾರ ಬೀಳುತ್ತೆ. ಆದ್ದರಿಂದ ನೆಲಮಹಡಿಯೇ ಕ್ಷೇಮ. ಮೇಲಿನ ಮಹಡಿಯಲ್ಲೇ ಇಡಬೇಕು ಅನ್ನೋರು ಬೀಮ್ ಎಲ್ಲಿದೆ ಅಂತ ಇಂಜಿನಿಯರ್ ಹತ್ರ ಕೇಳಿಕೊಂಡೇ ಇಡಿ. ಬಾಡಿಗೆ ಅಂಗಡಿಯಾದ್ರೆ ಮಾಲೀಕರ ಒಪ್ಪಿಗೆ ಮೊದಲೇ ಪಡೆಯಿರಿ. ಒಮ್ಮೆ ತುಂಬಿಸಿದ ಮೇಲೆ ಟ್ಯಾಂಕ್ ಜರುಗಿಸೋಕೆ ಆಗಲ್ಲ.

ಸ್ಟ್ಯಾಂಡ್ ಮಟ್ಟಗೋಲು ಇಟ್ಟು ನೋಡಿ ಕೂರಿಸಬೇಕು. ಟ್ಯಾಂಕ್ ಬಂದ ಕೂಡಲೇ ಸಾದಾ ನೀರು ತುಂಬಿಸಿ ಎರಡು-ಮೂರು ದಿನ ಬಿಟ್ಟು, ಸೋರಿಕೆ ಇಲ್ಲ ಅಂತ ಖಚಿತ ಮಾಡಿಕೊಳ್ಳಿ.

ನೀರು: ಬೋರ್‌ವೆಲ್ ಆಗಲ್ಲ, ಸಮುದ್ರದ್ದೂ ಸುಲಭ ಅಲ್ಲ

ಬೋರ್‌ವೆಲ್ ನೀರಿನಲ್ಲಿ ಲವಣ, ನೈಟ್ರೇಟ್, ಸಿಲಿಕೇಟ್ ಇರುತ್ತೆ. ಇದನ್ನೇ ಹಾಕಿದರೆ ಕೆಲವೇ ವಾರದಲ್ಲಿ ಗಾಜು, ಕಲ್ಲು ಎಲ್ಲಾ ಕಂದು-ಹಸಿರು ಪಾಚಿ. ಹಳೇ ಹಿತ್ತಾಳೆ ನಲ್ಲಿ, ತಾಮ್ರದ ಪೈಪ್‌ನಿಂದ ಬಂದ ನೀರು ಇನ್ನೂ ಅಪಾಯ. ಸ್ವಲ್ಪ ತಾಮ್ರ ಸೇರಿದರೂ ಸಿಗಡಿ, ಹವಳ ಸಾಯುತ್ತವೆ. ಮನೆಯ ಕುಡಿಯೋ ನೀರಿನ ಆರ್‌ಓ ಒಂದೇ ಸಾಲಲ್ಲ. ಆರ್‌ಓ ನಂತರ ಡಿಐ ರೆಸಿನ್ ಫಿಲ್ಟರ್ ಹಾಕಿ, ಟಿಡಿಎಸ್ ಮೀಟರ್ ಸೊನ್ನೆ ತೋರಿಸೋ ನೀರನ್ನೇ ಬಳಸಬೇಕು. ಆರ್‌ಓ ಸಾಕಷ್ಟು ನೀರನ್ನು ಹೊರಗೆ ಬಿಡುತ್ತೆ. ಅದನ್ನು ನೆಲ ಒರೆಸೋಕೆ, ಟಾಯ್ಲೆಟ್‌ಗೆ ಹಿಡಿದಿಡೋ ವ್ಯವಸ್ಥೆ ಮಾಡಿಕೊಂಡರೆ ಬೇಸಿಗೆಯಲ್ಲಿ ಮನೆಯವರ ಬೈಗುಳ ತಪ್ಪುತ್ತೆ.

ಈ ನೀರಿಗೆ ಅಕ್ವೇರಿಯಂಗೆಂದೇ ಬರುವ ರೀಫ್ ಸಾಲ್ಟ್ ಬೆರೆಸಬೇಕು. ಅಡುಗೆ ಉಪ್ಪು, ಕಲ್ಲುಪ್ಪು ಆಗಲ್ಲ. ಅದರಲ್ಲಿ ಹೆಚ್ಚುಕಡಿಮೆ ಇರೋದು ಸೋಡಿಯಂ ಕ್ಲೋರೈಡ್ ಮಾತ್ರ. ಹವಳ ತನ್ನ ಅಸ್ಥಿಪಂಜರ ಕಟ್ಟಿಕೊಳ್ಳೋಕೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲಾ ಬೇಕು. ಲೀಟರ್‌ಗೆ ಸುಮಾರು 35 ಗ್ರಾಂ ಉಪ್ಪಿನಂಶ ಇರಬೇಕು, ರಿಫ್ರಾಕ್ಟೋಮೀಟರ್‌ನಲ್ಲಿ ಅದು 1.025 ಅಥವಾ 1.026 ತೋರಿಸುತ್ತೆ. ಮೇಲೆ ಹೇಳಿದ ಟ್ಯಾಂಕ್‌ಗೆ ಮೊದಲ ಸಲಕ್ಕೇ 18ರಿಂದ 20 ಕೆಜಿ ಸಾಲ್ಟ್ ಬೇಕು. ಆಮೇಲೂ ವಾರಕ್ಕೋ ಎರಡು ವಾರಕ್ಕೋ ಒಮ್ಮೆ ಶೇ. 10ರಷ್ಟು ನೀರು ಬದಲಿಸುತ್ತಿರಬೇಕು.

'ಕರಾವಳಿ ಹತ್ತಿರ ಇದೆಯಲ್ಲ, ಕ್ಯಾನ್‌ನಲ್ಲಿ ಸಮುದ್ರದ ನೀರು ತಂದರಾಯ್ತು' ಅನ್ನೋರೂ ಇದ್ದಾರೆ. ಬಂದರಿನ ಹತ್ತಿರದ ನೀರಿನಲ್ಲಿ ದೋಣಿಯ ಡೀಸೆಲ್ ಇರುತ್ತೆ. ಕಾಳಿ, ನೇತ್ರಾವತಿಯಂಥ ನದಿ ಸೇರುವ ಕಡೆ ಮಳೆಗಾಲದಲ್ಲಿ ದಡದ ನೀರಿನ ಉಪ್ಪಿನಂಶ ಇಳಿದುಬಿಡುತ್ತೆ. ಹಾಗಾಗಿ ಹೊಸಬರಿಗೆ ಬೆರೆಸಿದ ನೀರೇ ನಂಬಿಕಸ್ತ.

ಇನ್ನೊಂದು ಗಮನಿಸಿ: ಆವಿಯಾಗೋದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತೆ. ದಿನಾ ಕೆಲವು ಲೀಟರ್ ಕಡಿಮೆಯಾದಾಗ ಉಪ್ಪುನೀರು ಸುರಿದರೆ ಉಪ್ಪು ಏರುತ್ತಾ ಹೋಗುತ್ತೆ. ಆ ಜಾಗ ತುಂಬಿಸಬೇಕಾದ್ದು ಶುದ್ಧ ಆರ್‌ಓ-ಡಿಐ ನೀರಿನಿಂದ.

ಒಳಗೆ ಏನೇನು ಓಡುತ್ತೆ?

ಟ್ಯಾಂಕ್ ಕೆಳಗೆ ಇನ್ನೊಂದು ಚಿಕ್ಕ ಟ್ಯಾಂಕ್ ಇರುತ್ತೆ, ಅದಕ್ಕೂ 'ಸಂಪ್' ಅಂತಲೇ ಹೆಸರು. ಮೇಲಿನ ನೀರು ಪೈಪ್‌ನಲ್ಲಿ ಇಳಿದು ಇಲ್ಲಿ ಶುದ್ಧವಾಗಿ, ಪಂಪ್ ಮೂಲಕ ಮತ್ತೆ ಮೇಲೇರುತ್ತೆ. ಸಂಪ್ ಒಳಗಿರುವ ಪ್ರೋಟೀನ್ ಸ್ಕಿಮ್ಮರ್ ಸಣ್ಣ ಗುಳ್ಳೆ ಎಬ್ಬಿಸಿ, ಮೀನಿನ ಕಶ್ಮಲವನ್ನು ನೊರೆಯಾಗಿ ಹೊರಹಾಕುತ್ತೆ. ಟ್ಯಾಂಕ್ ಒಳಗೆ ಎರಡು ವೇವ್‌ಮೇಕರ್ ಮೋಟರ್ ಅಲೆ ಎಬ್ಬಿಸುತ್ತವೆ. ಹವಳ ನಿಂತಲ್ಲೇ ಇರುವ ಪ್ರಾಣಿ, ಅದರ ಹತ್ತಿರಕ್ಕೆ ಆಹಾರ, ಆಮ್ಲಜನಕ ಹರಿದು ಬರೋದು ಅಲೆಯಿಂದಲೇ.

ಎಲ್‌ಇಡಿ ಲೈಟ್ ಬರೀ ಚಂದಕ್ಕಲ್ಲ. ಹವಳದ ಮೈಯೊಳಗೆ ಸೂಕ್ಷ್ಮ ಪಾಚಿ ವಾಸವಿದೆ. ಬೆಳಕಿನಲ್ಲಿ ಅದು ತಯಾರಿಸಿದ ಆಹಾರವೇ ಹವಳಕ್ಕೆ ಊಟ. ಹಾಗಾಗಿ ದಿನಕ್ಕೆ 8ರಿಂದ 10 ಗಂಟೆ ಲೈಟ್ ಬೇಕು. ನೀರು ತುಂಬಾ ಬಿಸಿಯಾದರೆ ಹವಳ ಆ ಪಾಚಿಯನ್ನು ಹೊರದಬ್ಬುತ್ತೆ, ಬೆಳ್ಳಗಾಗಿ, ಕೊನೆಗೆ ಹಸಿವಿನಿಂದ ಸಾಯುತ್ತೆ. 25-26 ಡಿಗ್ರಿ ಸೆಲ್ಸಿಯಸ್ ಒಳ್ಳೇದು. 30 ದಾಟಿದರೆ ಅಪಾಯ. ಬೇಸಿಗೆಯಲ್ಲಿ 40 ಡಿಗ್ರಿ ಮುಟ್ಟುವ ರಾಯಚೂರು, ಕಲಬುರಗಿ, ಬಳ್ಳಾರಿ ಕಡೆ ಮಾತ್ರವಲ್ಲ, ಸೆಕೆಯ ಕರಾವಳಿಯಲ್ಲೂ ಚಿಲ್ಲರ್ ಇಲ್ಲದೆ ದೊಡ್ಡ ಹವಳದ ಟ್ಯಾಂಕ್ ಕಷ್ಟ.

ಕರೆಂಟ್ ಬಿಲ್ ಎಷ್ಟು ಬರಬಹುದು?

ಪಂಪ್, ಸ್ಕಿಮ್ಮರ್, ವೇವ್‌ಮೇಕರ್ ಸೇರಿ 110 ವ್ಯಾಟ್ ಅಂತ ಹಿಡಿಯಿರಿ. 24 ಗಂಟೆಗೆ ಸುಮಾರು 2.6 ಯೂನಿಟ್. 200 ವ್ಯಾಟ್ ಲೈಟ್ 9 ಗಂಟೆಗೆ 1.8 ಯೂನಿಟ್. 350 ವ್ಯಾಟ್ ಚಿಲ್ಲರ್ ಬೇಸಿಗೆಯಲ್ಲಿ 10 ಗಂಟೆ ಓಡಿದರೆ 3.5 ಯೂನಿಟ್. ಒಟ್ಟು ದಿನಕ್ಕೆ ಸುಮಾರು 8, ತಿಂಗಳಿಗೆ 240 ಯೂನಿಟ್. ಯೂನಿಟ್‌ಗೆ 6 ರೂಪಾಯಿ ಲೆಕ್ಕದಲ್ಲೇ 1,440 ರೂಪಾಯಿ.

ಆದರೆ ಮನೆಗಳಿಗೆ ನಿಜವಾದ ಹೊಡೆತ ಬೇರೆ ಇದೆ. ಗೃಹಜ್ಯೋತಿಯ ಲಾಭ ತಿಂಗಳಿಗೆ 200 ಯೂನಿಟ್ ಒಳಗಿದ್ದವರಿಗೆ ಮಾತ್ರ. 200 ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು. ಈಗ ಸೊನ್ನೆ ಬಿಲ್ ಬರ್ತಿರೋ ಮನೆಗೆ ಟ್ಯಾಂಕ್ ಬಂದ್ರೆ, ಟ್ಯಾಂಕ್‌ನ ಬಿಲ್ ಜೊತೆ ಮನೆಯ ಬಿಲ್ಲೂ ಸೇರಿ ಬರುತ್ತೆ. ಅಂಗಡಿಗಳಿಗೆ ವಾಣಿಜ್ಯ ದರ, ಅಲ್ಲಿ ಗೃಹಜ್ಯೋತಿ ಮಾತೇ ಇಲ್ಲ.

ಕರೆಂಟ್ ಹೋದಾಗ ಏನು ಗತಿ?

ಬಿಸಿ ನೀರಿನಲ್ಲಿ, ಅದರಲ್ಲೂ ಉಪ್ಪು ನೀರಿನಲ್ಲಿ, ಆಮ್ಲಜನಕ ಕಡಿಮೆ ಕರಗುತ್ತೆ. ಅಲೆ ನಿಂತ ಮೇಲೆ ಮೀನು, ಹವಳ, ಕಲ್ಲಿನೊಳಗಿನ ಬ್ಯಾಕ್ಟೀರಿಯಾ ಎಲ್ಲವೂ ಇದ್ದಷ್ಟನ್ನೇ ಹಂಚಿಕೊಳ್ಳಬೇಕು. ಮೀನು ತುಂಬಿದ ಟ್ಯಾಂಕ್‌ನಲ್ಲಿ ಕೆಲವೇ ಗಂಟೆಗಳಲ್ಲಿ ಸಾವು ಶುರುವಾಗುತ್ತೆ. ಮಳೆಗಾಲದಲ್ಲಿ ಮರ ಬಿದ್ದು ರಾತ್ರಿಯಿಡೀ ಕರೆಂಟ್ ಇಲ್ಲದ ಊರುಗಳಿಗೆ ಇದು ಸಣ್ಣ ವಿಷಯ ಅಲ್ಲ.

ಉಪಾಯ ಇದೆ. ಯುಪಿಎಸ್‌ಗೆ ಎಲ್ಲವನ್ನೂ ಜೋಡಿಸಬೇಡಿ. ಚಿಲ್ಲರ್, ಲೈಟ್ ಬಿಡಿ, ನೀರಿನ ಮೇಲ್ಮೈ ಕದಡುವ ಒಂದೇ ಒಂದು ವೇವ್‌ಮೇಕರ್ ಕೊಡಿ. ಮನೆಗಳಲ್ಲಿ ಸಾಮಾನ್ಯವಾಗಿರುವ 150 ಎಎಚ್ ಬ್ಯಾಟರಿ ಚೆನ್ನಾಗಿದ್ದರೆ, 20-30 ವ್ಯಾಟ್‌ನ ಮೋಟರ್ ಇಡೀ ರಾತ್ರಿ ಓಡುತ್ತೆ. ಜೊತೆಗೆ ಬ್ಯಾಟರಿ ಏರ್‌ಪಂಪ್ ಒಂದು ಇಟ್ಟಿರಿ. ಅಂಗಡಿಯವರು ಇನ್ನೊಂದು ನೆನಪಿಡಬೇಕು: ರಾತ್ರಿ ಬಾಗಿಲು ಹಾಕುವಾಗ ಮೇನ್ ಸ್ವಿಚ್ ಆಫ್ ಮಾಡೋ ಅಭ್ಯಾಸ ಇದ್ದರೆ ಟ್ಯಾಂಕ್‌ಗೆ ಪ್ರತ್ಯೇಕ ಲೈನ್ ಬೇಕು. ಉಪ್ಪುನೀರು ವಿದ್ಯುತ್ತನ್ನು ಚೆನ್ನಾಗಿ ಹರಿಸುತ್ತೆ. ಹಾಗಾಗಿ ಅರ್ತಿಂಗ್, ಆರ್‌ಸಿಸಿಬಿ ಇಲ್ಲದೆ ಶುರು ಮಾಡಲೇಬೇಡಿ. ನೀರೊಳಗೆ ಕೈ ಹಾಕುವವರ ಜೀವದ ಪ್ರಶ್ನೆ ಇದು.

ಮೀನು ಬಿಡೋಕೆ ಆತುರ ಬೇಡ

ನೀರು, ಮರಳು, ಕಲ್ಲು ಹಾಕಿದ ಮಾರನೇ ದಿನ ಮೀನು ಬಿಟ್ಟರೆ ಸಾಯೋದೇ ಹೆಚ್ಚು. ಮೀನಿನ ಕಶ್ಮಲದಿಂದ ಅಮೋನಿಯಾ ಹುಟ್ಟುತ್ತೆ, ಅದು ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತೆ, ಅದೂ ವಿಷವೇ. ಇನ್ನೊಂದು ಬಗೆ ಅದನ್ನು ನೈಟ್ರೇಟ್ ಮಾಡುತ್ತೆ, ಇದರ ಅಪಾಯ ಕಡಿಮೆ. ಹಾಲು ಮೊಸರಾಗೋಕೆ ಹೆಪ್ಪು ಬೇಕು, ಸಮಯವೂ ಬೇಕು. ಇಲ್ಲೂ ಹಾಗೆಯೇ. ಬಾಟಲಿಯಲ್ಲಿ ಸಿಗುವ ಬ್ಯಾಕ್ಟೀರಿಯಾ ಹಾಕಿ, ಅದು ಬೆಳೆಯೋಕೆ ಚಿಟಿಕೆ ಮೀನಿನ ಆಹಾರ ಹಾಕುತ್ತಾ 4ರಿಂದ 6 ವಾರ ಕಾಯಬೇಕು. ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಬಂದ ಮೇಲೆಯೇ ಮೊದಲ ಎರಡು ಮೀನು.

ಮೊದಲ ಮೀನಿಗೆ ಕ್ಲೌನ್‌ಫಿಶ್, ಅಂದ್ರೆ ಅದೇ 'ನೀಮೋ', ಒಳ್ಳೆ ಆಯ್ಕೆ. ಇದನ್ನು ಸಮುದ್ರದಿಂದ ಹಿಡಿಯಲೇಬೇಕಿಲ್ಲ. ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಇದನ್ನು ಹ್ಯಾಚರಿಯಲ್ಲಿ ಮರಿ ಮಾಡಿಸುವ ತಂತ್ರಜ್ಞಾನ ರೂಪಿಸಿದೆ. ಖರೀದಿಸುವಾಗ 'ಹ್ಯಾಚರಿ ಮರಿಯೋ, ಸಮುದ್ರದಿಂದ ಹಿಡಿದದ್ದೋ' ಅಂತ ಕೇಳಿ. ಹ್ಯಾಚರಿ ಮರಿ ಟ್ಯಾಂಕ್‌ಗೆ, ಒಣ ಆಹಾರಕ್ಕೆ ಬೇಗ ಒಗ್ಗುತ್ತೆ. ಹೊಸ ಮೀನನ್ನು ಬೇರೆ ಟ್ಯಾಂಕ್‌ನಲ್ಲಿ ಕೆಲವು ವಾರ ಇಟ್ಟು ನೋಡಿ. ರೋಗಕ್ಕೆ ತಾಮ್ರದ ಔಷಧ ಕೊಡೋದಿದ್ದರೆ ಅಲ್ಲೇ ಕೊಡಿ, ಹವಳ ಇರುವ ಟ್ಯಾಂಕ್‌ಗೆ ಹಾಕಲೇಬಾರದು. ಸೊಳ್ಳೆ ಸ್ಪ್ರೇ, ಜಿರಳೆ ಸ್ಪ್ರೇ ಕೂಡ ಆ ಕೋಣೆಯಲ್ಲಿ ಬೇಡ. ಮೀನು, ಸಿಗಡಿ ಎರಡಕ್ಕೂ ಅದು ವಿಷ.

ಹವಳದ ಸರದಿ ಮೂರು ತಿಂಗಳಾದ ಮೇಲೆ. ಮಶ್ರೂಮ್, ಲೆದರ್ ತರಹದ ಮೃದು ಹವಳ ಸ್ವಲ್ಪ ಏರುಪೇರು ತಡೆಯುತ್ತವೆ. ಗಟ್ಟಿ ಹವಳಕ್ಕೆ ಕ್ಯಾಲ್ಸಿಯಂ, ಆಲ್ಕಲಿನಿಟಿ ದಿನವೂ ಒಂದೇ ಮಟ್ಟದಲ್ಲಿರಬೇಕು. ವರ್ಷ ತುಂಬದ ಟ್ಯಾಂಕ್‌ನವರು ಅದರ ಗೊಡವೆಗೆ ಹೋಗದಿರೋದೇ ಮೇಲು.

ಕಾನೂನು: ಜೈಲಿನ ಮಾತು ಇಲ್ಲಿದೆ

ದೇಶದ ಸಮುದ್ರದಿಂದ ಹವಳ ಕೀಳುವಂತಿಲ್ಲ. ದಿಬ್ಬ ಕಟ್ಟುವ ಎಲ್ಲ ಗಟ್ಟಿ ಹವಳ, ಕಪ್ಪು ಹವಳ, ಸೀ ಫ್ಯಾನ್ ಮುಂತಾದವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿವೆ, ಅಂದ್ರೆ ಹುಲಿ, ಆನೆ ಇರುವ ಪಟ್ಟಿಯಲ್ಲೇ. ಶಿಕ್ಷೆ 3ರಿಂದ 7 ವರ್ಷ ಜೈಲು, ಕನಿಷ್ಠ 25 ಸಾವಿರ ರೂಪಾಯಿ ದಂಡ. ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ಹವಳ ಇದೆ. ಸ್ಕೂಬಾಗೆ ಹೋದವರು 'ಒಂದು ತುಂಡು ತಾನೇ' ಅಂತ ತರೋದೂ ಅಪರಾಧವೇ. ಜೀವಂತ ಜೀವಿ ಅಂಟಿದ 'ಲೈವ್ ರಾಕ್' ಹೆಸರಿನಲ್ಲಿ ಸಮುದ್ರದ ಕಲ್ಲು ಮಾರುವವರಿಂದಲೂ ದೂರ ಇರಿ, ಅದರಲ್ಲಿ ಹವಳ ಇರಬಹುದು. ಒಣ ಕಲ್ಲು, ಅರಗೊನೈಟ್ ಮರಳು ಸಾಕು.

ವಿದೇಶದಿಂದ ತರಿಸಿದ ಗಟ್ಟಿ ಹವಳಕ್ಕೂ ಅಂತಾರಾಷ್ಟ್ರೀಯ ಸೈಟಿಸ್ ಒಪ್ಪಂದದ ನಿಯಮ ಇದೆ. 2022ರ ತಿದ್ದುಪಡಿಯ ನಂತರ ಅದು ನಮ್ಮ ಕಾಯ್ದೆಯೊಳಗೇ ಬಂದಿದೆ. ಆಮದು ದಾಖಲೆ, ಬಿಲ್ ಕೊಡದ ಅಂಗಡಿಯಿಂದ ಹವಳ ತಗೋಬೇಡಿ. ಅನುಮಾನ ಇದ್ದರೆ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ.

ಅಕ್ವೇರಿಯಂ ಇಲ್ಲದ ಅಂಗಡಿಯವರಿಗೂ ಒಂದು ಮಾತು: ವಾಸ್ತು, ದೃಷ್ಟಿ ಪರಿಹಾರ ಅಂತ ಫ್ರೇಮ್ ಹಾಕಿ ಮಾರುವ 'ಇಂದ್ರಜಾಲ' ಗಿಡವಲ್ಲ. ಆ ಹೆಸರಿನಲ್ಲಿ ಮಾರಾಟವಾಗೋದು ಸೀ ಫ್ಯಾನ್, ಕಪ್ಪು ಹವಳದಂಥ ಸಮುದ್ರ ಜೀವಿಗಳ ಒಣಗಿದ ದೇಹ. ಅದನ್ನು ಮಾರಿದರೂ ಇದೇ ಕಾಯ್ದೆ ಅನ್ವಯಿಸುತ್ತೆ.

ಮುಂಗಡ ಕೊಡೋ ಮುಂಚೆ ಈ 5 ಪ್ರಶ್ನೆ ಕೇಳಿಕೊಳ್ಳಿ

1. ಮುಕ್ಕಾಲು ಟನ್ ಹೊರುವ ನೆಲ ಇದೆಯಾ?
2. ಒಂದು ಮೋಟರ್ ಅನ್ನು ಇಡೀ ರಾತ್ರಿ ಓಡಿಸುವ ಬ್ಯಾಟರಿ ಇದೆಯಾ?
3. ಏಪ್ರಿಲ್-ಮೇ ತಿಂಗಳಲ್ಲೂ ಟ್ಯಾಂಕ್‌ಗೆ ನೀರು ಸಿಗುತ್ತಾ?
4. ಮದುವೆ, ಜಾತ್ರೆ ಅಂತ ನಾಲ್ಕು ದಿನ ಊರಿಗೆ ಹೋದರೆ ನೋಡಿಕೊಳ್ಳೋರು ಯಾರು?
5. ತಿಂಗಳಾನುಗಟ್ಟಲೆ ಖಾಲಿ ಟ್ಯಾಂಕ್ ನೋಡ್ತಾ ಕೂರೋ ತಾಳ್ಮೆ ಇದೆಯಾ?

ಐದಕ್ಕೂ 'ಹೌದು' ಅಂದ್ರೆ ಮುಂದುವರಿಯಿರಿ. ಒಂದಕ್ಕೆ 'ಇಲ್ಲ' ಬಂದ್ರೂ ಮೊದಲು ಅದನ್ನು ಸರಿಮಾಡಿಕೊಳ್ಳಿ. ಇಲ್ಲಾಂದ್ರೆ ಇದೇ ಟ್ಯಾಂಕ್‌ನಲ್ಲಿ ಗಿಡ ಬೆಳೆಸುವ ಸಿಹಿನೀರಿನ ಅಕ್ವೇರಿಯಂ ಮಾಡಬಹುದು. ಖರ್ಚು ಅದರ ಒಂದು ಪಾಲು, ಕರೆಂಟ್ ಹೋದರೆ ಎದೆ ಹೊಡ್ಕೊಳ್ಳೋದೂ ಕಡಿಮೆ.