‘ಗೂಗಲ್‌ನಾಗೇ ಐತಲ್ರೀ!’

‘ಆ ನಂಬರ್ ಎಲ್ಲಿ ಸಿಕ್ತು?’ ಎಂದು ದುಡ್ಡು ಕಳೆದುಕೊಂಡವರನ್ನು ಕೇಳಿ ನೋಡಿ. ‘ಗೂಗಲ್‌ನಾಗೇ ಐತಲ್ರೀ, ಎಲ್ಲಾದಕ್ಕಿಂತ ಮ್ಯಾಲೇ ಇತ್ತು’ ಎನ್ನುತ್ತಾರೆ. ಆ ಮಾತಿನಲ್ಲಿ ಅಳುಕಿಲ್ಲ. ಖಾತೆ ಖಾಲಿಯಾದ ಮೇಲೂ ಗೂಗಲ್ ಮೇಲಿನ ಭರವಸೆಗೆ ಧಕ್ಕೆ ಬಂದಿರುವುದಿಲ್ಲ. ದಾವಣಗೆರೆಯ ಪಿ.ಜೆ. ಬಡಾವಣೆಯ ನಿವೃತ್ತ ಮೇಷ್ಟ್ರಿಗೂ ಹರಿಹರದ ಗ್ಯಾರೇಜಿನ ಹುಡುಗನಿಗೂ ಬೇರೆ ಎಷ್ಟೇ ವಿಷಯದಲ್ಲಿ ಭಿನ್ನಾಭಿಪ್ರಾಯ ಇರಲಿ, ಇದೊಂದರಲ್ಲಿ ಇಬ್ಬರದೂ ಒಂದೇ ಮತ. ವಾಷಿಂಗ್ ಮಷಿನ್ ಕೆಟ್ಟಿತೇ? ಯುಪಿಐಯಲ್ಲಿ ಕಳಿಸಿದ ದುಡ್ಡು ನಡುವೆ ಸಿಕ್ಕಿಕೊಂಡಿತೇ? ಲ್ಯಾಪ್‌ಟಾಪ್ ಇದ್ದಕ್ಕಿದ್ದಂತೆ ‘ವೈರಸ್’ ಎಂದು ಕಿರುಚಿತೇ? ಕಂಪನಿಯ ಹೆಸರಿನ ಪಕ್ಕ ‘ಕಸ್ಟಮರ್ ಕೇರ್ ನಂಬರ್’ ಎಂದು ಬರೆದು ಹುಡುಕುವುದು, ಮೊದಲು ಕಂಡದ್ದಕ್ಕೆ ಫೋನ್ ಹಚ್ಚುವುದು.

ಮೊದಲು ಕಾಣುವುದು ಕಂಪನಿಯದೇ ನಂಬರ್ ಎಂಬ ಈ ನಂಬಿಕೆಯೊಂದರ ಮೇಲೆ ಒಂದು ಇಡೀ ದಂಧೆ ನಿಂತಿದೆ. ಆದ್ದರಿಂದ ಮೇಲೆ ಕಾಣುವುದು ಮೇಲಕ್ಕೆ ಹೇಗೆ ಬಂತು ಎಂಬುದನ್ನು ಬಿಡಿಸಿ ನೋಡಬೇಕು.

ಗೂಗಲ್ ಹುಡುಕಾಟದಲ್ಲಿ ನೆತ್ತಿಯ ಮೇಲೆ ‘ಪ್ರಾಯೋಜಿತ’ ಎಂಬ ಸಣ್ಣ ಚೀಟಿ ಹೊತ್ತು ಕೂತಿರುವುದು ಜಾಹೀರಾತು. ನೀವು ಪದ ಒತ್ತಿದ ಕ್ಷಣಕ್ಕೆ ಆ ಜಾಗಕ್ಕೆ ಹರಾಜು ನಡೆಯುತ್ತದೆ. ಯಾರು ಎಷ್ಟು ಕೂಗುತ್ತಾರೆ, ಅವರ ಜಾಹೀರಾತು ಹುಡುಕಿದ ಪದಕ್ಕೆ ಎಷ್ಟು ಹೊಂದುತ್ತದೆ ಎಂಬುದರ ಮೇಲೆ ಜಾಗ ನಿರ್ಧಾರವಾಗುತ್ತದೆ. ದಾವಣಗೆರೆಯ ದುಗ್ಗಮ್ಮನ ಜಾತ್ರೆಯಲ್ಲಿ ಗುಡಿಯ ಎದುರಿನ ಮಳಿಗೆಯನ್ನು ಹರಾಜಿನಲ್ಲಿ ಹಿಡಿದವನನ್ನು ಯಾರೂ ಅಮ್ಮನ ಪೂಜಾರಿ ಎಂದು ತಿಳಿದು ಕೈಮುಗಿಯುವುದಿಲ್ಲ. ಗೂಗಲ್‌ನ ಮಳಿಗೆಯವನಿಗೆ ಮಾತ್ರ ಕೈಮುಗಿಯುತ್ತಾರೆ, ಕೇಳಿದರೆ ಪಿನ್ನನ್ನೂ ಕೊಡುತ್ತಾರೆ.

‘ಹೆಸರು, ವಿಳಾಸ ಎಲ್ಲ ಕಂಪನಿಯದೇ ಇತ್ತಲ್ಲ?’ ಎಂಬುದು ಇದರ ಮುಂದಿನ ವಾದ. ಇರುತ್ತದೆ. 2024ರ ಜುಲೈನಲ್ಲಿ ಭದ್ರತಾ ಸಂಸ್ಥೆ ಮಾಲ್‌ವೇರ್‌ಬೈಟ್ಸ್ ಒಂದು ಜಾಹೀರಾತನ್ನು ಹೊರಗೆಳೆಯಿತು. ಅದು ಗೂಗಲ್‌ನದೇ ಉತ್ಪನ್ನವಾದ ‘ಗೂಗಲ್ ಅಥೆಂಟಿಕೇಟರ್’ ಹೆಸರಿನ ಜಾಹೀರಾತು. ಕಾಣುತ್ತಿದ್ದದ್ದು ಗೂಗಲ್‌ನ ವಿಳಾಸ, ಕೊಟ್ಟವರು ‘ಪರಿಶೀಲಿತ ಜಾಹೀರಾತುದಾರ’ರು. ಒತ್ತಿದವರು ಮಾತ್ರ ಕಳ್ಳರ ಪುಟಕ್ಕೆ ಹೋಗಿ, ಮಾಹಿತಿ ಕದಿಯುವ ತಂತ್ರಾಂಶವನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುತ್ತಿದ್ದರು. ಗೂಗಲ್‌ನ ಹೆಸರಿನಲ್ಲಿ, ಗೂಗಲ್‌ನ ಪುಟದಲ್ಲೇ, ಗೂಗಲ್‌ಗೇ ದುಡ್ಡು ಕಟ್ಟಿ ಮೋಸ ಮಾಡಬಹುದಾದರೆ ನಿಮ್ಮ ಫ್ರಿಜ್ ಕಂಪನಿಯ ಹೆಸರು ಯಾವ ಲೆಕ್ಕ?

2025ರ ಜೂನ್‌ನಲ್ಲಿ ಅದೇ ಸಂಸ್ಥೆ ತೋರಿಸಿದ ಉಪಾಯವಂತೂ ಕಳ್ಳರ ಬುದ್ಧಿಗೆ ತಲೆದೂಗಿಸುವಂಥದ್ದು. ಆ ಜಾಹೀರಾತು ಒತ್ತಿದರೆ ತೆರೆಯುತ್ತಿದ್ದದ್ದು ಮೈಕ್ರೋಸಾಫ್ಟ್, ಆ್ಯಪಲ್, ನೆಟ್‌ಫ್ಲಿಕ್ಸ್, ಪೇಪಾಲ್‌ನಂಥ ಕಂಪನಿಗಳ ಅಸಲಿ ಜಾಲತಾಣವೇ. ವಿಳಾಸ ನೂರಕ್ಕೆ ನೂರು ಸರಿ. ಆದರೆ ಕೊಂಡಿಯ ಬಾಲಕ್ಕೆ ಕಳ್ಳರು ಒಂದಿಷ್ಟು ಅಕ್ಷರ ಅಂಟಿಸಿದ್ದರು. ಅದರಿಂದ ಆ ತಾಣದ ‘ಹುಡುಕಿ’ ಪೆಟ್ಟಿಗೆಯಲ್ಲಿ ‘ಸಹಾಯಕ್ಕೆ ಈ ನಂಬರಿಗೆ ಕರೆ ಮಾಡಿ’ ಎಂಬ ಸಾಲು ತಾನಾಗಿ ತುಂಬಿಕೊಳ್ಳುತ್ತಿತ್ತು, ಪುಟದ ಮೇಲೆ ದೊಡ್ಡದಾಗಿ ಕಾಣುತ್ತಿತ್ತು. ಕಂಪನಿಯ ಪುಟ, ಕಳ್ಳನ ನಂಬರ್. ‘ವಿಳಾಸ ನೋಡಿಕೊಂಡರೆ ಸಾಕು’ ಎಂದು ವರ್ಷಗಟ್ಟಲೆ ಪಾಠ ಹೇಳಿದ ತಜ್ಞರ ಮಾತೂ ಅಲ್ಲಿಗೆ ಅರ್ಧವಾಯಿತು.

ಜಾಹೀರಾತು ಬಿಟ್ಟು ಕೆಳಗಿನದನ್ನು ನಂಬಿದರೆ? ಅದೂ ಹಾಗೇ. 2018ರಲ್ಲಿ ಗೂಗಲ್ ಮ್ಯಾಪ್‌ನಲ್ಲಿದ್ದ ಬ್ಯಾಂಕ್ ಶಾಖೆಗಳ ಫೋನ್ ನಂಬರನ್ನು ವಂಚಕರು ಬದಲಿಸಿದ್ದು ಮಹಾರಾಷ್ಟ್ರದಲ್ಲಿ ಬೆಳಕಿಗೆ ಬಂತು. ಅದಕ್ಕೆ ಹ್ಯಾಕಿಂಗ್ ಏನೂ ಬೇಕಿರಲಿಲ್ಲ, ಯಾರು ಬೇಕಾದರೂ ಒತ್ತಬಹುದಾದ ‘ತಿದ್ದುಪಡಿ ಸೂಚಿಸಿ’ ಗುಂಡಿ ಸಾಕಾಗಿತ್ತು. ಗ್ರಾಹಕರು ‘ಬ್ಯಾಂಕಿಗೇ’ ಫೋನ್ ಮಾಡಿ ಕಾರ್ಡಿನ ಹಿಂದಿನ ಮೂರಂಕಿಯನ್ನು ಓದಿ ಹೇಳಿದರು.

ಇನ್ನೊಂದು ತಮಾಷೆ ಇದೆ. ಫೇಸ್‌ಬುಕ್ಕಿನ ಸಾಮಾನ್ಯ ಬಳಕೆದಾರರಿಗೆ ಫೋನ್ ಮಾಡಿ ಮಾತಾಡುವ ಕಸ್ಟಮರ್ ಕೇರ್ ಇಲ್ಲ. ದುಡ್ಡು ಕೊಡದೆ ಜಿಮೇಲ್ ಬಳಸುವವರಿಗೂ ಇಲ್ಲ. ಆದರೂ ಹುಡುಕಿದರೆ ನಂಬರ್ ಸಿಗುತ್ತದೆ. ಅಸಲಿ ನಂಬರೇ ಇಲ್ಲದ ಕಡೆ ಸಿಗುವುದೆಲ್ಲ ಯಾರದು ಎಂದು ಬೇರೆ ಹೇಳಬೇಕೇ?

‘ಅಷ್ಟು ದೊಡ್ಡ ಕಂಪನಿ ನೋಡದೇ ಹಾಕ್ತದೇನ್ರಿ?’ ಎನ್ನುವವರಿಗೆ ಲೆಕ್ಕವನ್ನೇ ಕೊಡಬಹುದು. ನೋಡುತ್ತದೆ. 2024ರಲ್ಲಿ ಲೋಕದಾದ್ಯಂತ 510 ಕೋಟಿ ಜಾಹೀರಾತುಗಳನ್ನು ತೆಗೆದುಹಾಕಿ, 3.92 ಕೋಟಿ ಜಾಹೀರಾತುದಾರರ ಖಾತೆಗಳನ್ನು ಅಮಾನತು ಮಾಡಿದ್ದಾಗಿ ಗೂಗಲ್ಲೇ ಹೇಳಿಕೊಂಡಿದೆ. ಭಾರತದ ಪಾಲು 24.74 ಕೋಟಿ ಜಾಹೀರಾತು, 29 ಲಕ್ಷ ಖಾತೆ. ಇದನ್ನು ಓದಿ ನೆಮ್ಮದಿಪಡುವವರು ಪಡಲಿ. ಬಾಗಿಲಿಗೆ ಬಂದು ನಿಂತ ಕಳ್ಳರ ಸಂಖ್ಯೆ ಇಷ್ಟಿರುವಾಗ ಒಳಗೆ ನುಸುಳಿದವರೆಷ್ಟೋ ಎಂದು ಯೋಚಿಸುವವರಿಗೆ ನಿದ್ದೆ ಬರಲಿಕ್ಕಿಲ್ಲ. ಕಂಪ್ಯೂಟರ್ ರಿಪೇರಿಯ ಜಾಹೀರಾತುಗಳಲ್ಲಿ ಅಸಲಿ ಯಾವುದು, ನಕಲಿ ಯಾವುದು ಎಂದು ಬಿಡಿಸುವುದು ಕಷ್ಟವಾಗುತ್ತಿದೆ ಎಂದು ಗೂಗಲ್ 2018ರ ಆಗಸ್ಟ್‌ನಲ್ಲೇ ಒಪ್ಪಿಕೊಂಡು, ಆ ಬಾಬತ್ತಿನಲ್ಲಿ ಕಂಪನಿಯವರಲ್ಲದ ಮೂರನೆಯವರ ಜಾಹೀರಾತುಗಳಿಗೆ ಕಡಿವಾಣ ಹಾಕಿತ್ತು. ಮೈಕ್ರೋಸಾಫ್ಟ್ ತನ್ನ ಬಿಂಗ್‌ನಲ್ಲಿ ಅದಕ್ಕೂ ಎರಡು ವರ್ಷ ಮೊದಲೇ ನಿಷೇಧಿಸಿತ್ತು.

ಫೇಸ್‌ಬುಕ್, ಇನ್‌ಸ್ಟಾಗ್ರಾಂ ನಡೆಸುವ ಮೆಟಾದ ಕಥೆ ಇನ್ನೂ ಸ್ವಾರಸ್ಯ. 2024ರ ಆದಾಯದಲ್ಲಿ ಸುಮಾರು ಶೇ 10ರಷ್ಟು ವಂಚನೆಯ ಹಾಗೂ ನಿಷೇಧಿತ ಸರಕಿನ ಜಾಹೀರಾತುಗಳಿಂದ ಬರಬಹುದು ಎಂದು ಕಂಪನಿಯ ಒಳಗಿನ ದಾಖಲೆಗಳಲ್ಲೇ ಅಂದಾಜಿತ್ತೆಂದು ರಾಯ್ಟರ್ಸ್ 2025ರ ನವೆಂಬರ್‌ನಲ್ಲಿ ವರದಿ ಮಾಡಿತು. ಜಾಹೀರಾತುದಾರ ವಂಚಕನೆಂದು ಯಂತ್ರಕ್ಕೆ ಶೇ 95ರಷ್ಟು ಖಚಿತವಾದರೆ ಮಾತ್ರ ಹೊರಗಟ್ಟುವುದು. ಅದಕ್ಕಿಂತ ಕಡಿಮೆ ಅನುಮಾನವಿದ್ದರೆ ಜಾಹೀರಾತಿನ ದರ ಏರಿಸುವುದು, ಎಂದಿತು ಆ ವರದಿ. ಆ ಶೇ 10ರ ಅಂದಾಜು ಒರಟಾದದ್ದು, ಎಲ್ಲವನ್ನೂ ಸೇರಿಸಿ ಹೇಳಿದ್ದು ಎಂದು ಮೆಟಾ ಸಮಜಾಯಿಷಿ ಕೊಟ್ಟಿದೆ.

ಫೋನ್ ಹಚ್ಚಿದ ಮೇಲೆ ನಡೆಯುವುದಕ್ಕೆ ಎರಡು ಅವತಾರ. ಕಂಪ್ಯೂಟರಿನದು ಹಳೆಯದು. ಪರದೆ ತುಂಬ ಕೆಂಪು, ಕಿವಿಗಡಚಿಕ್ಕುವ ಸೈರನ್, ‘ಮುಚ್ಚಬೇಡಿ, ಮೈಕ್ರೋಸಾಫ್ಟ್‌ಗೆ ಕರೆ ಮಾಡಿ’ ಎಂಬ ಬರಹ. ಅದು ವೈರಸ್ ಅಲ್ಲ, ಬ್ರೌಸರನ್ನು ಪೂರ್ತಿ ಹರಡಿಕೊಂಡು ಕೂತ ಒಂದು ಜಾಲಪುಟ. ಕಂಟ್ರೋಲ್, ಆಲ್ಟ್, ಡಿಲೀಟ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್‌ನಲ್ಲಿ ಬ್ರೌಸರ್ ಮುಚ್ಚಿದರೆ ಸೈರನ್ನೂ ಸತ್ತಿತು. ಮೈಕ್ರೋಸಾಫ್ಟ್ ತನ್ನ ಎಚ್ಚರಿಕೆಗಳಲ್ಲಿ ಫೋನ್ ನಂಬರ್ ಹಾಕುವುದೇ ಇಲ್ಲ. ಆದರೂ ಫೋನ್ ಮಾಡಿದವರಿಂದ ‘ತಂತ್ರಜ್ಞ’ ವಿಂಡೋಸ್‌ನ ಈವೆಂಟ್ ವ್ಯೂವರ್ ತೆಗೆಸುತ್ತಾನೆ. ಅಂಗಡಿಯಿಂದ ಮೊನ್ನೆ ತಂದ ಕಂಪ್ಯೂಟರಿನಲ್ಲೂ ಅಲ್ಲಿ ಕೆಂಪು ‘ಎರರ್’, ಹಳದಿ ‘ವಾರ್ನಿಂಗ್’ ಸಾಲುಗಟ್ಟಿ ಇರುತ್ತವೆ. ಅದು ಯಂತ್ರದ ದಿನಚರಿ, ರೋಗದ ಪಟ್ಟಿಯಲ್ಲ. ಆಮೇಲೆ ಕಮಾಂಡ್ ಪ್ರಾಂಪ್ಟ್ ಎಂಬ ಕಪ್ಪು ಕಿಟಕಿಯಲ್ಲಿ ‘ಟ್ರೀ’ ಎಂಬ ಕಮಾಂಡ್ ಓಡಿಸುತ್ತಾನೆ. ಕಡತಗಳ ಹೆಸರು ಸರಸರ ಇಳಿಯುತ್ತಿರುವಾಗಲೇ ಕೊನೆಯ ಸಾಲಿಗೆ ‘ವೈರಸ್ ಪತ್ತೆ’ ಎಂದು ತಾನೇ ಟೈಪ್ ಮಾಡುತ್ತಾನೆ. ಇಷ್ಟೇ ಅವನ ವಿದ್ಯೆ.

ನಮ್ಮೂರಿನ ಕಡೆ ಹೆಚ್ಚು ಓಡುವುದು ಮೊಬೈಲಿನ ಅವತಾರ. ‘ರೀಫಂಡ್ ಮಾಡ್ತೀವಿ ಸರ್, ಒಂದು ಆ್ಯಪ್ ಹಾಕ್ಕೊಳ್ಳಿ, ಬಂದ ಒಂಬತ್ತಂಕಿ ಹೇಳಿ, ಹತ್ತು ರೂಪಾಯಿ ಕಳಿಸಿ ಟೆಸ್ಟ್ ಮಾಡೋಣ, ಕಾಲ್ ಕಟ್ ಮಾಡಬೇಡಿ.’ ಆ್ಯಪ್ ದೂರದಿಂದಲೇ ಪರದೆ ನೋಡಲು ಬಿಡುವ ಎನಿಡೆಸ್ಕ್‌ನಂಥದ್ದು, ಆ ಅಂಕಿ ನಿಮ್ಮ ಪರದೆಯ ಬೀಗದ ಕೈ. ಹತ್ತು ರೂಪಾಯಿ ಕಳಿಸುವ ನೆಪದಲ್ಲಿ ನೀವು ಬ್ಯಾಂಕ್ ಆ್ಯಪ್ ತೆರೆಯುವುದು, ಬಂದ ಎಸ್‌ಎಂಎಸ್ ನೋಡುವುದು ಎಲ್ಲವೂ ಅವನಿಗೆ ಬಹಿರಂಗ. ಎನಿಡೆಸ್ಕ್ ದುರ್ಬಳಕೆಯ ಬಗ್ಗೆ ರಿಸರ್ವ್ ಬ್ಯಾಂಕ್ ಎಚ್ಚರಿಸಿದ್ದು 2019ರ ಫೆಬ್ರುವರಿಯಲ್ಲಿ. ‘ಒಟಿಪಿ ಯಾರಿಗೂ ಹೇಳಿಲ್ರಿ, ದುಡ್ಡು ಹೆಂಗ್ ಹೋಯ್ತು?’ ಎಂಬ ಪ್ರಶ್ನೆಗೆ ಇದೇ ಉತ್ತರ: ಹೇಳಲಿಲ್ಲ, ತೋರಿಸಿದಿರಿ. ದುಡ್ಡು ಬರಬೇಕಾದರೂ ಪಿನ್ ಒತ್ತಬೇಕು ಎಂಬ ತಪ್ಪು ನಂಬಿಕೆಗೆ ಉತ್ತರಿಸುವ ತಾಳ್ಮೆ ಯಾರಲ್ಲೂ ಉಳಿದಿಲ್ಲ.

ಮೋಸಹೋಗುವವರು ವಯಸ್ಸಾದವರು, ಓದದವರು ಎಂಬ ಸಮಾಧಾನವೂ ಸುಳ್ಳು. ಮೈಕ್ರೋಸಾಫ್ಟ್ 2021ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಭಾರತದ ಶೇ 69ರಷ್ಟು ಮಂದಿ ಇಂಥ ವಂಚನೆಗೆ ಎದುರಾಗಿದ್ದರು, ಶೇ 31ರಷ್ಟು ಮಂದಿ ದುಡ್ಡು ಕಳೆದುಕೊಂಡಿದ್ದರು. ಸುಲಭವಾಗಿ ಬಿದ್ದವರು 24ರಿಂದ 37ರ ಪ್ರಾಯದವರು. ಅಪ್ಪನಿಗೆ ಮೊಬೈಲ್ ಹೇಳಿಕೊಡುವ ಮಗನ ವಯಸ್ಸು ಅದು.

ವಂಚಕರೆಲ್ಲ ಜಾರ್ಖಂಡಿನ ಜಾಮ್ತಾರಾದವರು ಎಂಬುದು ಮತ್ತೊಂದು ಅನುಕೂಲದ ನಂಬಿಕೆ. 2025ರ ನವೆಂಬರ್‌ನಲ್ಲಿ ಬೆಂಗಳೂರಿನ ವೈಟ್‌ಫೀಲ್ಡ್‌ನ ಟೆಕ್ ಪಾರ್ಕೊಂದರ ಕಚೇರಿ ಮೇಲೆ ಪೊಲೀಸರು ದಾಳಿ ಮಾಡಿ 21 ಮಂದಿಯನ್ನು ಬಂಧಿಸಿದರು. ಅಮೆರಿಕದವರಿಗೆ ಫೇಸ್‌ಬುಕ್‌ನಲ್ಲಿ ಜಾಹೀರಾತು ತೋರಿಸಿ, ಒತ್ತಿದವರ ಕಂಪ್ಯೂಟರ್ ಪರದೆ ಸ್ತಬ್ಧವಾಗುವಂತೆ ಮಾಡಿ, ಮೈಕ್ರೋಸಾಫ್ಟ್ ಸಹಾಯವಾಣಿ ಎಂದು ಮಾತಾಡುತ್ತಿದ್ದರು ಎಂಬುದು ಆರೋಪ. ಅದೇ ತಿಂಗಳು ಬೆಳಗಾವಿಯಲ್ಲೂ ಅಮೆರಿಕದವರನ್ನು ಗುರಿಯಾಗಿಸಿಕೊಂಡ ನಕಲಿ ಕಾಲ್ ಸೆಂಟರ್‌ನಲ್ಲಿ 33 ಮಂದಿ ಸಿಕ್ಕಿಬಿದ್ದರು. ಅದಕ್ಕೂ ಮುಂಚೆ, 2023ರ ಅಕ್ಟೋಬರ್‌ನಲ್ಲಿ ಮೈಕ್ರೋಸಾಫ್ಟ್ ಮತ್ತು ಅಮೆಜಾನ್ ದೂರುಗಳನ್ನೂ ಆಧರಿಸಿ ಸಿಬಿಐ ನಡೆಸಿದ ‘ಆಪರೇಷನ್ ಚಕ್ರ–2’ರಲ್ಲಿ ಶೋಧ ನಡೆದ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಕಾಲ್ ಸೆಂಟರ್ ಎಲ್ಲೇ ಇರಲಿ, ದುಡ್ಡು ಹರಿಯಲು ಯಾರದೋ ಖಾತೆ ಬೇಕು. ದಾವಣಗೆರೆಯ ಸೈಬರ್ ಅಪರಾಧ (ಸಿಇಎನ್) ಠಾಣೆಯ ಪೊಲೀಸರು 2025ರಲ್ಲಿ ಭೇದಿಸಿದ ಸೈಬರ್ ವಂಚನೆ ಪ್ರಕರಣವೊಂದರಲ್ಲಿ, ಬಂಧಿತನ ಖಾತೆಯ ಮೂಲಕ ನೂರು ಕೋಟಿ ರೂಪಾಯಿಗೂ ಮೀರಿದ ಹಣ ಹಾದುಹೋಗಿತ್ತು ಎಂದು ಹೇಳಿದ್ದರು. ‘ಸುಮ್ನೆ ಪಾಸ್‌ಬುಕ್ ಕೊಟ್ಟಿದ್ದೆ, ಕಮಿಷನ್ ಕೊಡ್ತೀನಿ ಅಂದ್ರು’ ಎನ್ನುವವರು ಯಾವ ಊರಲ್ಲೂ ಸಿಗುತ್ತಾರೆ.

2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿಗಳ ಮೊದಲ ಪಟ್ಟಿಯಲ್ಲೇ ಹೆಸರು ಬರೆಸಿಕೊಂಡ ಊರು ದಾವಣಗೆರೆ. ಇಲ್ಲಿನ ಚೌಕಿಪೇಟೆಯಲ್ಲಿ ಒಂದು ಸೀರೆಗೆ ನಾಲ್ಕು ಅಂಗಡಿ ಹತ್ತಿಳಿದು, ಸೆರಗು ಉಜ್ಜಿ ನೋಡಿ, ಐವತ್ತು ರೂಪಾಯಿಗೆ ಅರ್ಧ ಗಂಟೆ ಚೌಕಾಸಿ ಮಾಡುವವರು ಪರದೆಯ ಮುಂದೆ ಕೂತಾಗ ಪರಮ ಶ್ರದ್ಧಾವಂತರಾಗಿಬಿಡುತ್ತಾರೆ. ಹಿಂದೆ ‘ಈ ಕರಪತ್ರವನ್ನು ಅಚ್ಚು ಹಾಕಿಸಿ ಹಂಚದಿದ್ದರೆ ಕೇಡು’ ಎಂಬ ಚೀಟಿ ಬಂದಾಗ ಪ್ರೆಸ್ಸಿಗೆ ಓಡಿದ ಮನಸ್ಸೇ ಇದು, ಕಾಗದ ಹೋಗಿ ಗಾಜು ಬಂದಿದೆ ಅಷ್ಟೆ. ಅಚ್ಚಾದದ್ದಕ್ಕೆಲ್ಲ ಒಬ್ಬ ಯಜಮಾನ ಇರುತ್ತಾನೆ, ಅವನು ನೋಡಿಯೇ ಬಿಟ್ಟಿರುತ್ತಾನೆ ಎಂಬ ಭ್ರಮೆ. 2024ರಲ್ಲಿ ದೇಶದ ಜನ ಸೈಬರ್ ವಂಚನೆಗಳಲ್ಲಿ ಕಳೆದುಕೊಂಡದ್ದು ₹22,845 ಕೋಟಿ ಎಂದು ಕೇಂದ್ರ ಗೃಹ ಇಲಾಖೆ ಸಂಸತ್ತಿಗೆ ತಿಳಿಸಿದೆ. ಹಿಂದಿನ ವರ್ಷದ ಮೂರು ಪಟ್ಟು. ಇಷ್ಟಾದರೂ ಅಸಲಿ ನಂಬರ್ ಇರುವ ವಾರಂಟಿ ಕಾರ್ಡು ಬೀರುವಿನಲ್ಲಿ, ಬ್ಯಾಂಕಿನ ನಂಬರ್ ಡೆಬಿಟ್ ಕಾರ್ಡಿನ ಬೆನ್ನ ಮೇಲೆ, ಯುಪಿಐ ದೂರಿನ ಗುಂಡಿ ಅದೇ ಆ್ಯಪ್‌ನ ‘ಸಹಾಯ’ ವಿಭಾಗದಲ್ಲಿ ತಣ್ಣಗೆ ಕೂತಿರುತ್ತವೆ. ರಿಸರ್ವ್ ಬ್ಯಾಂಕ್ ಹೇಳಿ ಬ್ಯಾಂಕುಗಳ ಜಾಲತಾಣಗಳನ್ನೆಲ್ಲ 2025ರ ಅಕ್ಟೋಬರ್ ಒಳಗೆ ‘ಡಾಟ್ ಬ್ಯಾಂಕ್ ಡಾಟ್ ಇನ್’ ವಿಳಾಸಕ್ಕೆ ಬದಲಿಸಿದ್ದು ನಕಲಿ ತಾಣ ಗುರುತಿಸಲಿ ಎಂದೇ. ಅದನ್ನು ಗಮನಿಸಿದವರೆಷ್ಟು ಮಂದಿಯೋ.

ಹೋದದ್ದು ಹೋಯಿತು, ದೂರು ಕೊಟ್ಟು ಏನು ಫಲ ಎಂಬ ವೈರಾಗ್ಯವೂ ತಪ್ಪು. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಜಿಗಿಯುವ ಮೊದಲೇ ಸರ್ಕಾರದ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಹೋದರೆ ತಡೆಹಿಡಿಯುವ ಏರ್ಪಾಡು 2021ರಿಂದ ಇದೆ. ಆಗ ಆ ನಂಬರ್ 155260 ಆಗಿತ್ತು. ಬ್ಯಾಂಕಿಗೂ ಕೂಡಲೇ ತಿಳಿಸಬೇಕು. ಗ್ರಾಹಕನದೇ ತಪ್ಪಿದ್ದರೂ, ಬ್ಯಾಂಕಿಗೆ ತಿಳಿಸಿದ ನಂತರ ಆಗುವ ನಷ್ಟ ಬ್ಯಾಂಕಿನದು ಎಂದು ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ಹೇಳಿದೆ. ಆದರೆ ದುಡ್ಡು ಕಳೆದುಕೊಂಡು ಕಂಗಾಲಾದವರು ಆ ಹೊತ್ತಿನಲ್ಲಿ ಮಾಡುವುದೇನು? ಮತ್ತೆ ಅದೇ ಪೆಟ್ಟಿಗೆಯಲ್ಲಿ ‘ಸೈಬರ್ ಕಂಪ್ಲೇಂಟ್ ನಂಬರ್’ ಎಂದು ಹುಡುಕುವುದು. ಕಳೆದ ಹಣ ವಾಪಸು ಕೊಡಿಸುತ್ತೇವೆ, ಮೊದಲು ಶುಲ್ಕ ಕಟ್ಟಿ ಎನ್ನುವ ಎರಡನೇ ಸುತ್ತಿನ ಕಳ್ಳರು ಅಲ್ಲೂ ಕಾದಿರುತ್ತಾರೆ. ಸರ್ಕಾರದ ಸಹಾಯವಾಣಿಗೆ ಇರುವುದು ನಾಲ್ಕೇ ಅಂಕಿ, ಅದು ಶುಲ್ಕ ಕೇಳುವುದಿಲ್ಲ. ಹತ್ತಂಕಿಯ ಮೊಬೈಲಿನಿಂದ ‘ಸೈಬರ್ ಆಫೀಸರ್ ಮಾತಾಡೋದು’ ಎಂದವನು ಮೊದಲನೆಯವನ ಪಾಲುದಾರನೇ ಇದ್ದಾನು.