ಪತ್ತಾಯವೂ ಇರಲಿ, ಸೋಫಾವೂ ಬರಲಿ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಕಟ್ಟಿದ ಮನೆಯನ್ನು ಮೂರು ತಲೆಮಾರಿನವರು ಒಟ್ಟಾಗಿ ಅಲಂಕರಿಸಿ ನೋಡು ಎಂದು ಮಾತ್ರ ಅವರು ಹೇಳಲಿಲ್ಲ. ಹೇಳುವ ಪ್ರಸಂಗವೇ ಅವರಿಗೆ ಬಂದಿರಲಿಕ್ಕಿಲ್ಲ. ಆಗ ಗೋಡೆಗೆ ಸುಣ್ಣ, ನೆಲಕ್ಕೆ ಸೆಗಣಿ, ಕುಳಿತುಕೊಳ್ಳಲು ಮಣೆ, ಮಲಗಲು ಚಾಪೆ. ಆರಿಸಲು ಏನೂ ಇಲ್ಲದಲ್ಲಿ ಭಿನ್ನಾಭಿಪ್ರಾಯಕ್ಕೆ ಎಡೆಯೆಲ್ಲಿ?

ಈಗ ಹಾಗಲ್ಲ. ಬಣ್ಣದಂಗಡಿಗೆ ಹೋದರೆ ಬಿಳಿಯಲ್ಲೇ ಹತ್ತಾರು ಬಗೆ. ಮೊಬೈಲು ತೆರೆದರೆ ದೇಶವಿದೇಶಗಳ ಮನೆಗಳ ಚಿತ್ರ. ಮನೆಯಲ್ಲಿ ಐದು ಮಂದಿ ಇದ್ದರೆ ಐದು ರುಚಿ. ಈ ಐದನ್ನು ಒಂದೇ ಮಾಡಿನಡಿಯಲ್ಲಿ ಹೇಗೆ ಹೊಂದಿಸುವುದು ಎಂಬ ಪ್ರಶ್ನೆ ಕಳೆದ ವರ್ಷ ನಮ್ಮ ಮನೆಗೂ ಬಂತು. ಓದುಗರ ಪೈಕಿ ಹಲವರ ಮನೆಗೆ ಬಂದಿರಬಹುದು, ಇಲ್ಲವೆ ಬರಲಿರಬಹುದು. ಆದುದರಿಂದ ನಮ್ಮ ಅನುಭವವನ್ನು ಇಲ್ಲಿ ಹೇಳಿಕೊಳ್ಳುತ್ತಿದ್ದೇವೆ.

ನಮ್ಮದು ಅಜ್ಜ ಕಟ್ಟಿಸಿದ ಮುರಕಲ್ಲಿನ ಮನೆ. ಅವರು ಪಾಯ ತೆಗೆಸಿದಾಗ ಈ ಊರು ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು. 1984ರ ಮೇ 24ರಂದು ಕಾಸರಗೋಡೇ ಒಂದು ಜಿಲ್ಲೆಯಾಯಿತು. ಮನೆ ಮಾತ್ರ ಇದ್ದಲ್ಲೇ ಇದೆ. ಕಳೆದ ಮಳೆಗಾಲಕ್ಕೆ ಮುಂಚೆ ಮಾಡಿನ ಪಕ್ಕಾಸುಗಳನ್ನು ಬದಲಿಸಬೇಕಾಯಿತು. ಹಂಚು ಇಳಿಸಿದ ಮೇಲೆ ಗೋಡೆಗೂ ಬಣ್ಣ ಕೊಡೋಣ ಎಂದಾಯಿತು. ಬಣ್ಣದ ಮಾತು ಬಂದದ್ದೇ ತಡ, ಚಾವಡಿಯ ಪತ್ತಾಯದ ಮಾತೂ ಬಂತು.

ಚಾವಡಿಯಲ್ಲಿ ಮೂರು ದಿನದ ಮೌನ

ಪತ್ತಾಯವೆಂದರೆ ಭತ್ತ ತುಂಬುವ ದೊಡ್ಡ ಮರದ ಪೆಟ್ಟಿಗೆ. ನಮ್ಮದು ಹಲಸಿನ ಮರದ್ದು. ಹೊಸತರಲ್ಲಿ ಹಳದಿಯಾಗಿರುವ ಈ ಮರ ವರ್ಷ ಕಳೆದಂತೆ ಕೆಂಪು ಬೆರೆತ ಕಂದು ಬಣ್ಣಕ್ಕೆ ತಿರುಗುತ್ತದೆ. ಗದ್ದೆ ಅಡಿಕೆ ತೋಟವಾಗಿ ಎಷ್ಟೋ ವರ್ಷಗಳಾದುದರಿಂದ ಪತ್ತಾಯ ಖಾಲಿ. ಆದರೂ ಚಾವಡಿಯ ಕಾಲುಭಾಗ ಅದಕ್ಕೇ ಬೇಕು.

ಗಲ್ಫಿನಿಂದ ಮರಳಿದ ಮಗನಿಗೆ ಅಲ್ಲಿ ಸೋಫಾ ಹಾಕಬೇಕು, ಎದುರಿನ ಗೋಡೆಗೆ ದೊಡ್ಡ ಟಿ.ವಿ. ಬರಬೇಕು. ಪಯ್ಯನ್ನೂರಿನ ಕಡೆಯಿಂದ ಬಂದ ಸೊಸೆಗೆ ತಿಳಿಬಣ್ಣದ ಗೋಡೆ, ಕಿಟಕಿಯ ಬಳಿ ಗಿಡಗಳು, ಬಾಗಿಲಿನಿಂದಲೇ ಕಾಣುವಂತೆ ಕಾಲುದೀಪ. ಮೊಮ್ಮಗಳಿಗೆ ಓದಲು ತನ್ನದೇ ಒಂದು ಮೇಜು. ನಮಗೆ ಪುಸ್ತಕದ ಕಪಾಟು ಒಳಗಿನ ಕತ್ತಲೆ ಕೋಣೆಗೆ ಹೋಗಬಾರದು. ಎಂಬತ್ತು ದಾಟಿದ ಅಮ್ಮ ಹೇಳಿದ್ದು ಒಂದೇ ಮಾತು: "ಪತ್ತಾಯ ಅಲ್ಲೇ ಇರಲಿ."

ಅದಕ್ಕೆ ಮಗ, "ಖಾಲಿ ಪೆಟ್ಟಿಗೆಗೆ ಇಷ್ಟು ಜಾಗವೇ?" ಎಂದುಬಿಟ್ಟ. ಕೇಳಿದ್ದರಲ್ಲಿ ನ್ಯಾಯವಿತ್ತು, ಕೇಳಿದ ರೀತಿ ಸರಿಯಿರಲಿಲ್ಲ. ಮೂರು ದಿನ ಚಾವಡಿಯಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲ. ಪತ್ತಾಯಕ್ಕೆ ಗಿರಾಕಿಯೊಬ್ಬ ಬಂದು ನೋಡಿಕೊಂಡೂ ಹೋದ.

ಹಳತು ಯಾವುದು, ಹೊಸತು ಯಾವುದು?

ಆ ದಿನಗಳಲ್ಲಿ ನಾವು ಮನೆಯನ್ನು ಒಮ್ಮೆ ಸರಿಯಾಗಿ ಕಣ್ಣುಬಿಟ್ಟು ನೋಡಿದೆವು. ಹಳೆಯ ಶೈಲಿ ಎಂದು ನಾವು ಅಭಿಮಾನಪಡುವುದರಲ್ಲಿ ಎಷ್ಟು ಭಾಗ ನಿಜವಾಗಿ ಹಳೆಯದು? ಗೋಡೆಯ ಮುರಕಲ್ಲು ಈ ನೆಲದ್ದೇ. ಬೇಕಲದ ಕೋಟೆಯೂ ಅದರದ್ದೇ. ಆದರೆ ಮಾಡಿನ ಹಂಚು? ಮಂಗಳೂರಿನಲ್ಲಿ ಬಾಸೆಲ್ ಮಿಷನಿನವರು ಹಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಆಮೇಲೆಯೇ ನಮ್ಮ ಕಡೆಯ ಮುಳಿಹುಲ್ಲಿನ ಮಾಡುಗಳು ಒಂದೊಂದಾಗಿ ಹಂಚಿನ ಮಾಡುಗಳಾದದ್ದು. ಕಾವಿ ಬೆರೆಸಿ ನುಣುಪುಗೊಳಿಸಿದ ಸಿಮೆಂಟಿನ ನೆಲ ಅದಕ್ಕಿಂತಲೂ ಈಚಿನದು.

ಅಮ್ಮನನ್ನು ಕೇಳಿದೆವು. ಅಜ್ಜ ಹಂಚು ಹೊದೆಸಿದ್ದನ್ನು ಅವರ ಅತ್ತೆ ಕೊನೆಯವರೆಗೂ ಒಪ್ಪಿರಲಿಲ್ಲವಂತೆ. ಮುಳಿಯ ಮಾಡಿನ ತಂಪು ಇದಕ್ಕಿಲ್ಲವೆಂದು ಪ್ರತಿ ಬೇಸಗೆಯಲ್ಲೂ ಗೊಣಗುತ್ತಿದ್ದರಂತೆ. ಹಾಗಾದರೆ ಇಂದು ನಾವು ಜೋಪಾನ ಮಾಡುವ ಹಂಚೂ ಒಂದು ಕಾಲದ ಸೋಫಾವೇ! ಈ ಮಾತಿಗೆ ಅಮ್ಮನೂ ನಕ್ಕರು. ಮೌನ ಮುರಿಯಿತು.

ಒಂದು ಬಿಡಬೇಕು, ಒಂದು ಉಳಿಸಬೇಕು

ಅಂದು ರಾತ್ರಿ ಊಟದ ಬಳಿಕ ಎಲ್ಲರೂ ಕುಳಿತು ಒಂದು ಒಪ್ಪಂದ ಮಾಡಿಕೊಂಡೆವು. ಪ್ರತಿಯೊಬ್ಬರೂ ತಾವು ಬಿಡಲಾರದ ಒಂದನ್ನು ಹೇಳಬೇಕು, ಬಿಡಬಲ್ಲ ಒಂದನ್ನೂ ಹೇಳಬೇಕು. ಏಕೆ ಎಂಬುದನ್ನೂ ಹೇಳಬೇಕು. ರುಚಿಯ ಬಗ್ಗೆ ವಾದ ಮಾಡಿದರೆ ಮುಗಿಯುವುದಿಲ್ಲ. ಕಾರಣ ಕೇಳಿದರೆ ದಾರಿ ಸಿಗುತ್ತದೆ ಎಂದು ನಮಗೆ ಆಗ ತಿಳಿಯಿತು.

ಅಮ್ಮ ಎದ್ದು ಪತ್ತಾಯದ ಮುಚ್ಚಳವನ್ನು ಎತ್ತಿಸಿದರು. ಒಳಮೈಯಲ್ಲಿ ಅಜ್ಜನ ಕೈಬರಹ. ಸೀಸದ ಕಡ್ಡಿಯಲ್ಲಿ ಬರೆದ ಲೆಕ್ಕ: ಇಷ್ಟು ಮುಡಿ, ಇಷ್ಟು ಕಳಸೆ, ಇಷ್ಟು ಸೇರು. ಅಂಕಿಗಳೆಲ್ಲ ಕನ್ನಡದವು. ಇಷ್ಟು ವರ್ಷ ಅದೇ ಮನೆಯಲ್ಲಿದ್ದ ನಾವೂ ಅದನ್ನು ಮರೆತಿದ್ದೆವು. ಮಲಯಾಳಂ ಮಾಧ್ಯಮದಲ್ಲಿ ಕಲಿಯುವ ಮೊಮ್ಮಗಳು ಟಾರ್ಚು ಹಿಡಿದು ಓದತೊಡಗಿದಳು. ೩ ಸರಿಯಾಗಿ ಬಂತು. ೧ನ್ನು ಸೊನ್ನೆ ಎಂದಳು. ಅಮ್ಮ ತಿದ್ದಿದರು. ಹದಿನಾಲ್ಕು ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ ಎಂದು ಲೆಕ್ಕ ಹೇಳಿಕೊಟ್ಟರು. "ಹಾಗಾದರೆ ಮುಡಿಗೆ ನಲವತ್ತೆರಡು ಸೇರು," ಎಂದಳು ಹುಡುಗಿ.

ಆಗ ಸೊಸೆ ಬಾಯಿಬಿಟ್ಟಳು. ಅವಳ ತವರಿನಲ್ಲಿಯೂ ಇಂಥದೊಂದು ಇತ್ತಂತೆ. ಅವಳ ಭಾಷೆಯಲ್ಲೂ ಅದಕ್ಕೆ ಪತ್ತಾಯವೆಂದೇ ಹೆಸರು. ಮನೆ ರಿಪೇರಿಯ ಕಾಲದಲ್ಲಿ ಅದನ್ನು ಮಾರಿದ್ದಕ್ಕೆ ಅವಳ ತಾಯಿ ಈಗಲೂ ಬೇಸರಪಡುತ್ತಾರಂತೆ. "ಇದನ್ನು ಕೊಡುವುದು ಬೇಡ. ಮೇಲೆ ಹಾಸಿಗೆ ಹಾಕಿದರೆ ಕುಳಿತುಕೊಳ್ಳಬಹುದು," ಎಂದಳು. ಮಗ ಬೇರೆ ಮಾತಾಡಲಿಲ್ಲ. ಮಾರನೆಯ ದಿನ ಟೇಪು ತಂದು ಅಳತೆ ತೆಗೆದ.

ನಮ್ಮ ಚಾವಡಿ ಈಗ

ಪತ್ತಾಯ ಕಿಟಕಿಯ ಕೆಳಗೆ ಸರಿದು ಆಸನವಾಗಿದೆ. ಒಳಗೆ ಮಳೆಗಾಲದ ಕಂಬಳಿ, ಚಾಪೆಗಳು. ಮುಚ್ಚಳಕ್ಕೆ ಹೊರಗಿನಿಂದ ಮಾತ್ರ ಪಾಲಿಶು. ಒಳಮೈಯ ಬರಹವನ್ನು ಯಾರೂ ಮುಟ್ಟಬಾರದೆಂದು ಬಡಗಿಗೆ ಎರಡು ಸಲ ಹೇಳಿದೆವು. ಸೋಫಾ ಬಂತು, ಮೂರರ ಬದಲು ಎರಡು ಮಂದಿ ಕೂರುವಂಥದು. ಮಗ ಬಿಟ್ಟುಕೊಟ್ಟದ್ದು ಅಷ್ಟು. ಅಮ್ಮ ಬಿಟ್ಟುಕೊಟ್ಟದ್ದು ಗೋಡೆ ತುಂಬ ಮೊಳೆ ಹೊಡೆದು ತೂಗಿಸಿದ್ದ ಪಟಗಳನ್ನು. ಅವೆಲ್ಲ ಈಗ ಒಂದೇ ಗೋಡೆಯಲ್ಲಿ, ಕೆಳ ಅಂಚು ಒಂದೇ ಗೆರೆಗೆ ಬರುವಂತೆ, ಒತ್ತಾಗಿ ಸೇರಿವೆ. ಚದುರಿ ಇದ್ದಾಗ ಗೊಂದಲವಾಗಿ ಕಂಡದ್ದು ಒಟ್ಟಾದಾಗ ಕುಟುಂಬದ ಚರಿತ್ರೆಯಂತೆ ಕಾಣುತ್ತದೆ.

ಬಣ್ಣದ ತೀರ್ಮಾನವನ್ನು ನೆಲಕ್ಕೆ ಬಿಟ್ಟೆವು. ನೆಲ ಕೆಂಪು, ಮಾಡು ಕೆಂಪು, ಮರ ಕಂದು. ಇವು ಬದಲಾಗುವಂಥವಲ್ಲ. ಆದುದರಿಂದ ಗೋಡೆಗೆ ಸುಣ್ಣದ ಬಿಳಿ ಸಾಕೆಂದಾಯಿತು. ಸೋಫಾಕ್ಕೆ ಒಣ ಹುಲ್ಲಿನ ಬಣ್ಣ. ಪರದೆಗೆ ಅಮ್ಮನ ಹಳೆಯ ಕಾಸರಗೋಡು ಕೈಮಗ್ಗದ ಸೀರೆಗಳು. ಒಂದು ಕೋಣೆಯಲ್ಲಿ ಮೂರಕ್ಕಿಂತ ಹೆಚ್ಚು ಬಣ್ಣ ಬೇಡ ಎಂಬ ಒಂದು ನಿಯಮವಿದ್ದರೆ ಬೇರೆ ಬೇರೆ ಕಾಲದ ಸಾಮಾನುಗಳೂ ನೆಂಟರಂತೆ ಹೊಂದಿಕೊಂಡು ಕುಳಿತುಕೊಳ್ಳುತ್ತವೆ. ಕಿಟಕಿಯ ಎದುರು ಗೋಡೆಗೆ ಒಂದು ಕನ್ನಡಿ ಹಾಕಿದ್ದರಿಂದ ಕತ್ತಲೆಯ ಚಾವಡಿಗೆ ಬೆಳಕು ಬಂತು. ವಿಷುವಿನಂದು ಕಣಿಗೆ ಇಡುವುದೂ ಅದೇ ಕನ್ನಡಿ.

ಇಲ್ಲಿ ಮಳೆಯ ಮಾತು ಹೇಳಲೇಬೇಕು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಊರು ನಮ್ಮದು. ಪತ್ರಿಕೆಯ ಚಿತ್ರದಲ್ಲಿ ಚಂದ ಕಂಡದ್ದೆಲ್ಲ ಇಲ್ಲಿ ಬಾಳುವುದಿಲ್ಲ. ಮುರಕಲ್ಲಿನ ಗೋಡೆ ನೀರೆಳೆಯುತ್ತದೆ. ಅದಕ್ಕೆ ಸುಣ್ಣ ಹೊಡೆದರೆ ತೇವ ಹೊರಗೆ ಆರಿಹೋಗುತ್ತದೆ. ಪ್ಲಾಸ್ಟಿಕ್ಕಿನಂತೆ ಬಿಗಿದುಕೊಳ್ಳುವ ಬಣ್ಣ ಬಳಿದರೆ ಒಳಗೆ ಸಿಕ್ಕಿ ಪದರ ಉಬ್ಬಿ ಉದುರುತ್ತದೆ. ಕಪಾಟು, ಸೋಫಾಗಳನ್ನು ಹೊರಗೋಡೆಗೆ ತಾಗಿಸದೆ ಒಂದು ಗೇಣು ಬಿಟ್ಟು ಇಟ್ಟರೆ ಗಾಳಿಯಾಡಿ ಬೂಷ್ಟು ಕಡಿಮೆಯಾಗುತ್ತದೆ. ಪುಸ್ತಕಗಳನ್ನು ಬಿಸಿಲು ಬಂದ ದಿನ ತೆಗೆದು ಕೊಡವಬೇಕು. ನೆಲದ ಕಾವಿಗೆ ತೆಂಗಿನೆಣ್ಣೆಯ ಬಟ್ಟೆಯಿಂದ ಒರೆಸಿದರೆ ಹೊಳಪು ಬರುತ್ತದೆ. ಆದರೆ ಮುದುಕರಿರುವ ಮನೆಯಲ್ಲಿ ಎಣ್ಣೆ ಉಳಿಯದಂತೆ ತಿಕ್ಕಬೇಕು, ಇಲ್ಲವಾದರೆ ಜಾರುವ ಭಯ.

ಅಕ್ಷರಕ್ಕೂ ಒಂದು ಜಾಗ

ನಮ್ಮಂಥವರ ಮನೆಯ ಅಲಂಕಾರದಲ್ಲಿ ಇನ್ನೊಂದು ಸಂಗತಿಯಿದೆ. ಬೀದಿಯ ಫಲಕ, ಬಸ್ಸಿನ ಹೆಸರು, ಅಂಗಡಿಯ ರಶೀದಿ, ಇವುಗಳಲ್ಲಿ ನಮ್ಮ ಮಕ್ಕಳಿಗೆ ಕನ್ನಡದ ಅಕ್ಷರ ಹೆಚ್ಚಾಗಿ ಕಾಣಿಸುವುದಿಲ್ಲ. ಕಾಣಿಸಬೇಕಾದರೆ ಮನೆಯ ಗೋಡೆಯಲ್ಲೇ ಕಾಣಿಸಬೇಕು. ಕನ್ನಡದ ಕ್ಯಾಲೆಂಡರು ಅಡುಗೆಮನೆಯ ಬಾಗಿಲ ಹಿಂದೆ ಅಡಗಬಾರದು. ಪುಸ್ತಕದ ಕಪಾಟು ಹುಡುಗರ ಕೈಗೆ ಎಟಕುವ ಎತ್ತರದಲ್ಲಿರಬೇಕು. ನಮ್ಮ ಕಪಾಟು ಈಗ ಮೊಮ್ಮಗಳ ಮೇಜಿನ ಪಕ್ಕದಲ್ಲಿದೆ. ಮಂಜೇಶ್ವರದ ಗೋವಿಂದ ಪೈಗಳೂ ಕಯ್ಯಾರ ಕಿಞ್ಞಣ್ಣ ರೈಗಳೂ ಇರುವ ಸಾಲಿನಲ್ಲೇ ಸೊಸೆಯ ಮಲಯಾಳಂ ಕಾದಂಬರಿಗಳೂ ಇವೆ. ಒಂದರಿಂದ ಇನ್ನೊಂದಕ್ಕೆ ಇಕ್ಕಟ್ಟಾಗಲಿಲ್ಲ.

ಕಳೆದ ಓಣಂ ಕಾಲದಲ್ಲಿ ಅಂಗಳದಲ್ಲಿ ಹೂವಿನ ಪೂಕ್ಕಳಂ ಹಾಕಲು ಹುಡುಗಿ ಹೊರಟಾಗ, ಅಮ್ಮ ಹೊರಗೆರೆಯನ್ನು ರಂಗೋಲಿಯ ಹುಡಿಯಲ್ಲಿ ಎಳೆದುಕೊಟ್ಟರು. ಸೊಸೆ ಒಳಗೆ ಹೂವಿನ ಎಸಳು ತುಂಬಿದಳು. ನೋಡಲು ಬಂದ ನೆರೆಯವರು ಇದು ಯಾವ ಪದ್ಧತಿ ಎಂದು ಕೇಳಿದರು. ನಮ್ಮ ಮನೆಯ ಪದ್ಧತಿ ಎಂದೆವು.

ಕೊನೆಗೆ ಉಳಿದದ್ದು ಗೇಟಿನ ಫಲಕ. ಅಂಚೆಯವನಿಗೆ ಮಲಯಾಳಂ ಬೇಕು, ನೆಂಟರಿಗೆ ಕನ್ನಡ ಬೇಕು. ಎರಡರಲ್ಲೂ ಬರೆಸುವುದೆಂದು ಯಾರ ತಕರಾರೂ ಇಲ್ಲದೆ ನಿಶ್ಚಯವಾಯಿತು. ಮನೆಯ ನಂಬರನ್ನು ಕೆಳಗೆ ಕನ್ನಡ ಅಂಕಿಯಲ್ಲಿಯೂ ಬರೆಯಬೇಕೆಂದು ಮೊಮ್ಮಗಳು ಹಟ ಹಿಡಿದಳು. ತಾನೇ ಬರೆದಳು. ಈ ಸಲ ೧ನ್ನು ಸೊನ್ನೆ ಮಾಡಲಿಲ್ಲ.