ಹಾಲು ಹಿಂಡುವ ಕೈ

ನಮ್ಮ ಗಡಿಭಾಗದ ಹಳ್ಳಿಗಳಲ್ಲಿ ಎಮ್ಮೆಯೆಂದರೆ ಬರಿಯ ಪಶುವಲ್ಲ, ಮನೆತನದ ಆಧಾರ. ಮಳೆ ಕೈಕೊಟ್ಟು ಜೋಳ ಬಾರದ ವರ್ಷದಲ್ಲಿಯೂ ಹಾಲಿನ ರೊಕ್ಕದಿಂದ ಒಲೆ ಉರಿಯುತ್ತದೆ. ಮಕ್ಕಳ ಪಾಟಿ ಪುಸ್ತಕಗಳೂ ಅದರಿಂದಲೇ ಬರುತ್ತವೆ. ಹೀಗೆ ನಮ್ಮನ್ನು ಸಾಕುವ ಪಶುವಿನಿಂದ ಒಮ್ಮೊಮ್ಮೆ ನಮಗೆ ರೋಗವೂ ಬರಬಹುದೆಂದರೆ ಹಲವರಿಗೆ ಆ ಮಾತು ರುಚಿಸಲಿಕ್ಕಿಲ್ಲ. ಆದರೂ ಹೇಳಬೇಕಾಗಿದೆ. ಏಕೆಂದರೆ ಅದನ್ನು ಸಕಾಲದಲ್ಲಿ ಅರಿಯದೆ ನಾನೇ ಒಮ್ಮೆ ತಪ್ಪಿದ್ದೇನೆ.

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಶಾಲೆಯ ಏಳನೆಯ ತರಗತಿಯ ಹುಡುಗಿಯೊಬ್ಬಳು ಪರೀಕ್ಷೆಯಲ್ಲಿ ಅರ್ಧ ಪುಟವನ್ನಷ್ಟೇ ಬರೆದು ಕಾಗದ ಮಡಿಚಿಟ್ಟಳು. ಅವಳು ಜಾಣೆ, ಅಕ್ಷರವೂ ದುಂಡಗಿತ್ತು. ಸೋಮಾರಿತನವೆಂದು ತಿಳಿದು ಎಲ್ಲರ ಮುಂದೆ ಗದರಿಸಿದೆ. ಆಕೆ ಸುಮ್ಮನೆ ಬಲಗೈಯನ್ನು ಮುಂದೆ ಚಾಚಿದಳು. ಬಟ್ಟೆಯ ಪಟ್ಟಿ ಬಿಚ್ಚಿದಾಗ ಬೆರಳುಗಳ ಮೇಲೆ ನಡುವೆ ತಗ್ಗಾದ ಗುಳ್ಳೆಗಳು ಕಂಡವು. ಮೈ ಬಿಸಿಯಾಗಿತ್ತು, ಕಂಕುಳಲ್ಲಿ ಗಂಟು ಕಟ್ಟಿತ್ತು. ಕೇಳಿದರೆ, "ಮುಳ್ಳು ಚುಚ್ಚೇತ್ರಿ" ಎಂದಳು. ಹತ್ತು ಮುಳ್ಳು ಹತ್ತು ಕಡೆ ಒಂದೇ ದಿನ ಚುಚ್ಚುವುದುಂಟೆ?

ಅಂದು ಸಂಜೆ ಅವಳ ಮನೆಗೆ ಹೋದೆ. ತಾಯಿ ಮೊದಲು ಏನೂ ಹೇಳಲೊಲ್ಲಳು. ಕೊನೆಗೆ ದನದ ಕೊಟ್ಟಿಗೆಗೆ ಕರೆದೊಯ್ದು ಎಮ್ಮೆಯ ಕೆಚ್ಚಲು ತೋರಿಸಿದಳು. ತೊಟ್ಟುಗಳ ಮೇಲೆ ಅದೇ ಬಗೆಯ ಗುಳ್ಳೆಗಳು, ಕೆಲವು ಒಡೆದು ಹಕ್ಕಳೆ ಕಟ್ಟಿದ್ದವು. ತಾಯಿಯ ಅಂಗೈಯಲ್ಲಿಯೂ ಎರಡಿದ್ದವು. "ಗುರುಗಳ, ಡೇರಿಯವರಿಗೆ ತಿಳದ್ರ ಹಾಲು ತಗೊಳ್ಳೂದಿಲ್ರಿ. ಹಾಲಿನ ರೊಕ್ಕದಾಗ ನಮ್ಮ ಮನಿ ನಡೀತೈತ್ರಿ" ಎಂದು ಕಣ್ಣೀರು ತೆಗೆದಳು. ಮರುದಿನ ಬಂದ ಪಶುವೈದ್ಯರು ನೋಡಿದೊಡನೆ, ಇದು ಎಮ್ಮೆಯ ಸಿಡುಬಿನ ಲಕ್ಷಣವೆಂದರು.

ನಮ್ಮ ಜಿಲ್ಲೆಯಲ್ಲಿಯೇ ನಡೆದದ್ದು

ಎಮ್ಮೆಯ ಸಿಡುಬು ಒಂದು ವಿಷಾಣುವಿನಿಂದ, ಅಂದರೆ ವೈರಸ್‌ನಿಂದ ಬರುವ ರೋಗ. ಎಮ್ಮೆಯ ತೊಟ್ಟು, ಕೆಚ್ಚಲು, ಕಿವಿ, ಕಣ್ಣೆವೆಗಳ ಮೇಲೆ ಗುಳ್ಳೆಗಳೇಳುತ್ತವೆ. ಹಿಂಡುವವರ ಕೈಯಲ್ಲಿ ಸಣ್ಣ ಗೀರು ಇದ್ದರೂ ಸಾಕು, ವಿಷಾಣು ಒಳಹೊಗುತ್ತದೆ. ಕೈ ಮುಂಗೈಗಳಲ್ಲಿ ಗುಳ್ಳೆ, ಜ್ವರ, ಕಂಕುಳಲ್ಲಿ ಗಂಟು, ಮೈಕೈ ನೋವು, ನಿಶ್ಶಕ್ತಿ ಇವು ಅದರ ಗುರುತುಗಳು.

ಇದು ಎಲ್ಲಿಯೋ ದೂರದ ಸುದ್ದಿಯಲ್ಲ. 2009ರಲ್ಲಿ ಸೋಲಾಪುರ ಜಿಲ್ಲೆಯ ಕಾಸೇಗಾಂವದಲ್ಲಿ 166 ಜನರಿಗೂ ಕೊಲ್ಹಾಪುರ ಜಿಲ್ಲೆಯ 21 ಹಳ್ಳಿಗಳಲ್ಲಿ 185 ಜನರಿಗೂ ಈ ರೋಗ ತಗಲಿತ್ತು. ಮಾದರಿಗಳನ್ನು ಪರೀಕ್ಷಿಸಿದಾಗ ಜನರಿಗೂ ಎಮ್ಮೆಗಳಿಗೂ ಬಂದದ್ದು ಒಂದೇ ರೋಗವೆಂಬುದು ಸ್ಪಷ್ಟವಾಯಿತು. ಕಾಸೇಗಾಂವ ಒಂದರಲ್ಲಿಯೇ ನೂರಕ್ಕೆ ಆರೇಳು ಜನ ನರಳಿದರೆಂಬುದನ್ನು ನೆನೆದಾಗ, ಕೊಟ್ಟಿಗೆಯಿಂದ ಮನೆಗೆ ದಾರಿ ಎಷ್ಟು ಹತ್ತಿರವೆಂಬುದು ಮನವರಿಕೆಯಾಗುತ್ತದೆ.

ತೋಳಿನ ಮೇಲಿನ ಗುರುತು

ನನ್ನ ವಯಸ್ಸಿನವರ ತೋಳಿನ ಮೇಲೆ ಚಿಕ್ಕಂದಿನಲ್ಲಿ ದೇವಿ ಹಾಕಿಸಿದ ಗುರುತು ಇಂದಿಗೂ ಇದೆ. ಆ ಗುರುತಿಗೂ ಕೊಟ್ಟಿಗೆಗೂ ಹಳೆಯ ನಂಟು. 1796ರಲ್ಲಿ ಇಂಗ್ಲೆಂಡಿನ ವೈದ್ಯ ಎಡ್ವರ್ಡ್ ಜೆನ್ನರ್, ಹಾಲು ಹಿಂಡುವವಳೊಬ್ಬಳ ಕೈಮೇಲಿನ ಗೋಸಿಡುಬಿನ ಗುಳ್ಳೆಯಿಂದ ರಸ ತೆಗೆದು ಒಬ್ಬ ಬಾಲಕನಿಗೆ ಹಾಕಿ, ಮನುಷ್ಯರ ಸಿಡುಬು ಅವನಿಗೆ ತಗಲದೆಂದು ತೋರಿಸಿದನು. ಆ ದಾರಿಯಲ್ಲಿ ಮುಂದುವರಿದೇ ಜಗತ್ತು ಸಿಡುಬನ್ನು ಗೆದ್ದಿತು. ನಮ್ಮ ದೇಶದಲ್ಲಿ ಅದರ ಕೊನೆಯ ಪ್ರಕರಣಗಳು 1975ರಲ್ಲಿ ಕಂಡವು. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆ ರೋಗ ಜಗತ್ತಿನಿಂದಲೇ ಅಳಿಯಿತೆಂದು ಸಾರಿತು.

ರೋಗವಿಲ್ಲದ ಮೇಲೆ ಲಸಿಕೆಯೂ ನಿಂತಿತು. ಅದು ಸರಿಯೇ. ಆದರೆ ಎಮ್ಮೆಯ ಸಿಡುಬಿನ ವಿಷಾಣು ಆ ಲಸಿಕೆಯ ವಿಷಾಣುವಿಗೆ ಅತಿ ಹತ್ತಿರದ ಸಂಬಂಧಿ. ಆದ್ದರಿಂದ ಹಳೆಯ ಲಸಿಕೆ ಇದರಿಂದಲೂ ಒಂದಿಷ್ಟು ಕಾಪಾಡುತ್ತಿತ್ತು. ಇಂದು ನಸುಕಿನಲ್ಲೆದ್ದು ಎಮ್ಮೆ ಹಿಂಡಿ ಶಾಲೆಗೆ ಬರುವ ಮಕ್ಕಳ ತೋಳಿನ ಮೇಲೆ ಆ ಗುರುತಿಲ್ಲ. ಅವರಿಗೆ ಉಳಿದ ರಕ್ಷಣೆಯೆಂದರೆ ಹಿರಿಯರ ಎಚ್ಚರವೊಂದೇ.

ಮಾಡಬೇಕಾದುದೇನು?

ಮೊದಲನೆಯದು, ಹಿಂಡುವ ಮೊದಲೂ ಆಮೇಲೂ ಸಾಬೂನಿನಿಂದ ಕೈ ತೊಳೆಯುವುದು. ಈ ರೋಗವನ್ನು ಎಮ್ಮೆಯಿಂದ ಎಮ್ಮೆಗೆ ಒಯ್ಯುವುದೂ ನಮ್ಮ ಕೈಯೇ. ಗುಳ್ಳೆಯೆದ್ದ ಎಮ್ಮೆಯನ್ನು ಬೇರೆ ಕಟ್ಟಿ, ಎಲ್ಲಕ್ಕೂ ಕೊನೆಗೆ ಹಿಂಡಬೇಕು. ಕೈಯಲ್ಲಿ ಗಾಯವಿದ್ದವರೂ ಮಕ್ಕಳೂ ಆ ಎಮ್ಮೆಯ ಹತ್ತಿರ ಹೋಗಬಾರದು. ಉದುರಿದ ಹಕ್ಕಳೆಯಲ್ಲಿ ವಿಷಾಣು ಬಹುದಿನ ಬದುಕಬಲ್ಲದು. ಆದ್ದರಿಂದ ಕೊಟ್ಟಿಗೆಯ ಕಸವನ್ನು ಸುಡುವುದು ಲೇಸು. ಗುಳ್ಳೆಯ ಕೈಯಿಂದ ಕಣ್ಣುಜ್ಜಿಕೊಳ್ಳಬಾರದು, ಟವೆಲ್ಲು ಬೇರೆ ಇರಬೇಕು. ಹಾಲನ್ನು ಚೆನ್ನಾಗಿ ಕಾಯಿಸಿಯೇ ಕುಡಿಯಬೇಕು. ಬೇವು ಅರಿಷಿಣ ಹಚ್ಚಿ ಅಷ್ಟಕ್ಕೇ ಸುಮ್ಮನಾಗದೆ, ಎಮ್ಮೆಗೆ ಪಶುವೈದ್ಯರನ್ನೂ ಮನುಷ್ಯರಿಗೆ ಡಾಕ್ಟರರನ್ನೂ ಕರೆಯಬೇಕು. ಗುಳ್ಳೆಗಳು ಕೆಲವು ವಾರಗಳಲ್ಲಿ ತಾವಾಗಿಯೇ ಮಾಯುತ್ತವೆ. ಆದರೆ ಕೀವಾದರೆ ಔಷಧ ಬೇಕೇ ಬೇಕು.

ಹಿಂಡುವ ಕೈಗೆ ಇನ್ನೊಂದು ಎಚ್ಚರಿಕೆಯೂ ಅಗತ್ಯ. ಇದು ಪ್ರಾಣದ ಮಾತು. ಎಮ್ಮೆ ಅಥವಾ ಆಕಳು ಜೊಲ್ಲು ಸುರಿಸುತ್ತ, ನುಂಗಲಾಗದೆ ಒದ್ದಾಡುತ್ತಿದ್ದರೆ ಗಂಟಲಲ್ಲಿ ಏನೋ ಸಿಕ್ಕಿದೆಯೆಂದು ಬಾಯೊಳಗೆ ಕೈ ಹಾಕುವ ರೂಢಿಯುಂಟು. ಅದು ಹುಚ್ಚುನಾಯಿ ಕಚ್ಚಿದ್ದರಿಂದ ಬಂದ ರೇಬೀಸ್ ಆಗಿರಬಹುದು. ಅಂಥ ಜೊಲ್ಲು ಕೈಯ ಗಾಯಕ್ಕೆ ತಗಲಿದರೆ ಕೂಡಲೇ ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆದು, ಅಂದೇ ದವಾಖಾನೆಗೆ ಹೋಗಿ ಚುಚ್ಚುಮದ್ದು ಹಾಕಿಸಿಕೊಳ್ಳಬೇಕು. ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿ ಉಳಿದವರು ಇಲ್ಲವೆನ್ನುವಷ್ಟು ವಿರಳ.

ಹಾಗೆಂದು ಪಶುಗಳ ಎಲ್ಲ ರೋಗಗಳಿಗೂ ಅಂಜಬೇಕಿಲ್ಲ. 2022ರಲ್ಲಿ ದನಗಳನ್ನು ಬಹುವಾಗಿ ಕಾಡಿದ ಚರ್ಮಗಂಟು ರೋಗವೂ ವಿಷಾಣುವಿನದೇ. ಆದರೆ ಅದು ಮನುಷ್ಯರಿಗೆ ತಗಲುವುದಿಲ್ಲ. ಯಾವುದು ತಗಲುತ್ತದೆ, ಯಾವುದು ತಗಲುವುದಿಲ್ಲವೆಂಬುದನ್ನು ಬಲ್ಲವರು ಅಂಜುವುದೂ ಇಲ್ಲ, ಮೈಮರೆಯುವುದೂ ಇಲ್ಲ.

ಮುಚ್ಚಿಟ್ಟರೆ ಬೆಳೆಯುವ ರೋಗ

ಆ ತಾಯಿ ನೆರೆಮನೆಯ ಎರಡು ಎಮ್ಮೆಗಳನ್ನೂ ಹಿಂಡಿಕೊಡುತ್ತಿದ್ದಳು. ವಾರದೊಳಗೆ ಅವಕ್ಕೂ ಗುಳ್ಳೆಗಳೆದ್ದವು. ಅವಳ ಎಮ್ಮೆಗೆ ಕೆಚ್ಚಲು ಬಾವು ಬಂದು ಒಂದು ತೊಟ್ಟು ಶಾಶ್ವತವಾಗಿ ಕೆಟ್ಟಿತು. ಹತ್ತು ದಿನದ ಹಾಲಿನ ರೊಕ್ಕ ಉಳಿಸಲು ಹೋಗಿ ಆ ಬಡವಿ ಕಳೆದುಕೊಂಡದ್ದೇ ಹೆಚ್ಚು. ಆದರೆ ಅವಳನ್ನು ಹೇಗೆ ದೂರುವುದು? ಇಲಾಖೆಯ ಎಚ್ಚರಿಕೆಯ ಹಾಳೆಗಳು ಮರಾಠಿಯಲ್ಲಿ ಬರುತ್ತವೆ. ನಮ್ಮ ತಾಯಂದಿರಿಗೆ ಅವನ್ನು ಕನ್ನಡದಲ್ಲಿ ಓದಿ ಹೇಳುವವರು ಯಾರು? ಎರಡೂ ಭಾಷೆ ಕಲಿತ ನಮ್ಮ ಶಾಲೆಯ ಮಕ್ಕಳೇ ಆ ಕೆಲಸ ಮಾಡಬೇಕು, ಮಾಡಬಲ್ಲರು.

ಮೂರು ವಾರದಲ್ಲಿ ಹುಡುಗಿಯ ಕೈ ನೆಟ್ಟಗಾಯಿತು; ಬೆರಳ ಮೇಲೆ ಸಣ್ಣ ಕಲೆಗಳಷ್ಟೇ ಉಳಿದವು. ಮತ್ತೊಮ್ಮೆ ಪರೀಕ್ಷೆ ಬರೆಸಿದೆ, ಎಲ್ಲರ ಮುಂದೆ ಗದರಿದ್ದ ನಾನು ಎಲ್ಲರ ಮುಂದೆಯೇ ನನ್ನ ತಪ್ಪನ್ನೂ ಒಪ್ಪಿಕೊಂಡೆ. ಅಂದಿನಿಂದ ಪ್ರತಿ ಸೋಮವಾರ ಪ್ರಾರ್ಥನೆಯ ನಂತರ ಉಗುರು ನೋಡುವಾಗ ಅಂಗೈಯನ್ನೂ ನೋಡುತ್ತೇನೆ, "ನಿಮ್ಮ ಎಮ್ಮೆ ಹೇಗಿದೆ?" ಎಂದೂ ಕೇಳುತ್ತೇನೆ. ಮಕ್ಕಳು ಮೊದಲು ನಗುತ್ತಿದ್ದರು. ಈಗ ನಾನು ಕೇಳುವ ಮೊದಲೇ ಹೇಳುತ್ತಾರೆ.